ಚಂದ್ರನ ಮೇಲೆ ಯಾರು ಮೊದಲು ಅನ್ನೋ ಜಿದ್ದಿಗೆ ಇಷ್ಟು ದುಡ್ಡು ಸುರೀಬೇಕಾ?

ಪ್ರಶ್ನೆ: ಸರ್, ಅಮೆರಿಕ ಮತ್ತೆ ಚಂದ್ರನಿಗೆ ಜನರನ್ನ ಕಳಿಸ್ತೀನಿ ಅಂತಿದೆ, ಚೀನಾ 2030ರೊಳಗೆ ನಾವೂ ಇಳಿತೀವಿ ಅಂತಿದೆ, ನಡುವೆ ರಷ್ಯಾ, ಭಾರತ, ಜಪಾನ್ ಎಲ್ಲರೂ ಒಂದೊಂದು ಲ್ಯಾಂಡರ್ ಹಿಡ್ಕೊಂಡು ಓಡ್ತಿದಾರೆ. ಈ ಪೈಪೋಟಿ ಇಲ್ದಿದ್ರೆ ಮನುಷ್ಯ ಇವತ್ತಿಗೂ ನೆಲ ಬಿಟ್ಟು ಮೇಲೆ ಹೋಗ್ತಿರಲಿಲ್ಲ ಅಂತಾನೆ ನನ್ನ ಫ್ರೆಂಡು. ನಂಗೆ ಇದು ಬರೀ ಪ್ರತಿಷ್ಠೆ ಅನ್ಸುತ್ತೆ, ಅದೇ ದುಡ್ಡಲ್ಲಿ ಬಡತನ, ರೋಗ ಏನಾದ್ರೂ ಸರಿ ಮಾಡ್ಬೋದಿತ್ತಲ್ವಾ? ಯಾರದ್ದು ಸರಿ, ಸುತ್ತಿ ಬಳಸದೆ ಹೇಳಿ.

ಉತ್ತರ: ಸುತ್ತಿ ಬಳಸದೆ ಅಂದ್ರೆ, ನಿಮ್ಮ ಫ್ರೆಂಡ್ ಮಾತಲ್ಲಿ ಅರ್ಧ ನಿಜ ಇದೆ. ಪೈಪೋಟಿ ಖಜಾನೆ ಬಾಗಿಲು ತೆರೆಸುತ್ತೆ, ಅದನ್ನ ಯಾರೂ ಇಲ್ಲ ಅನ್ನೋಕಾಗಲ್ಲ. ಆದ್ರೆ ಎದುರಾಳಿ ಸೋತ ಮಾರನೇ ದಿನವೇ ಆ ಬಾಗಿಲು ಮುಚ್ಕೊಳ್ಳೋಕೂ ಶುರುವಾಗುತ್ತೆ, ಅದನ್ನ ನಿಮ್ಮ ಫ್ರೆಂಡ್ ಮರೆತಿದಾರೆ. ಜಿದ್ದಿಗೆ ಬಿದ್ದು ಹಾಕಿದ ದುಡ್ಡಿಗೆ ಸಿಗೋದು ವೇಗ, ಕೊನೆಗೆ ಕೈಲಿ ಉಳಿಯೋದೆಷ್ಟು ಅನ್ನೋದು ಬೇರೆ ಲೆಕ್ಕ. (ನನಗೆ ಚಿಕ್ಕಂದಿನಿಂದ ಆಕಾಶದ ಹುಚ್ಚು, ಹಾಗಾಗಿ ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತೆ, ಅದನ್ನ ಕಳೆದು ಓದ್ಕೊಳ್ಳಿ.)

ಮೊದಲು ಈ ಓಟ ಶುರುವಾಗಿದ್ದು ಹೇಗೆ ನೋಡಿ. 1957 ಅಕ್ಟೋಬರ್ 4ಕ್ಕೆ ಸೋವಿಯತ್ ಒಕ್ಕೂಟ ಮೊದಲ ಕೃತಕ ಉಪಗ್ರಹ ಸ್ಪುಟ್ನಿಕ್ ಹಾರಿಸ್ತು, 83.6 ಕೆಜಿ ತೂಕದ ಒಂದು ಲೋಹದ ಚೆಂಡು, ಬೀಪ್ ಬೀಪ್ ಅನ್ನೋದು ಬಿಟ್ರೆ ಹೆಚ್ಚೇನೂ ಮಾಡ್ತಿರಲಿಲ್ಲ. ಅಮೆರಿಕ ಹೆದರಿದ್ದು ಆ ಚೆಂಡಿಗಲ್ಲ, ಅದನ್ನ ಮೇಲೆ ಹೊತ್ಕೊಂಡು ಹೋದ ಆರ್-7 ರಾಕೆಟ್‌ಗೆ, ಯಾಕಂದ್ರೆ ಅದು ಮೂಲದಲ್ಲಿ ಅಣುಬಾಂಬ್ ಹೊತ್ತು ಖಂಡ ದಾಟೋಕೆ ಅಂತ ಮಾಡಿದ ಕ್ಷಿಪಣಿ. ರಾಕೆಟ್ಟು, ಕ್ಷಿಪಣಿ ಎರಡೂ ಅಳಿಯ ಅಲ್ಲ ಮಗಳ ಗಂಡ ಅನ್ನೋ ತರ. ಎರಡು ತಿಂಗಳಾದ್ಮೇಲೆ ಅಮೆರಿಕದ ವ್ಯಾನ್‌ಗಾರ್ಡ್ ರಾಕೆಟ್ ಇಡೀ ದೇಶ ನೋಡ್ತಿರೋವಾಗಲೇ ನೆಲದಿಂದ ಸುಮಾರು ನಾಲ್ಕು ಅಡಿ ಎದ್ದು ಅಲ್ಲೇ ಕುಸಿದು ಸುಟ್ಟುಹೋಯ್ತು, 1958ರಲ್ಲಿ ನಾಸಾ ಹುಟ್ಕೊಳ್ತು. 1961 ಏಪ್ರಿಲ್ 12ಕ್ಕೆ ಸೋವಿಯತ್‌ನ ಯೂರಿ ಗಗಾರಿನ್ 108 ನಿಮಿಷದಲ್ಲಿ ಭೂಮಿ ಸುತ್ತಿ ಬಂದ್ರು, ಆರು ವಾರದಲ್ಲಿ ಅಮೆರಿಕದ ಅಧ್ಯಕ್ಷ ಕೆನಡಿ ಸಂಸತ್ತಿಗೆ ಹೋಗಿ ಈ ದಶಕ ಮುಗಿಯೋದ್ರೊಳಗೆ ಚಂದ್ರನ ಮೇಲೆ ಮನುಷ್ಯನನ್ನ ಇಳಿಸ್ತೀವಿ ಅಂದ್ರು.

ಹಾಗಂತ ಕೆನಡಿಗೆ ಚಂದ್ರನ ಮೇಲೆ ಪ್ರೀತಿ ಇತ್ತು ಅನ್ಕೋಬೇಡಿ. 1962ರ ನವೆಂಬರ್‌ನಲ್ಲಿ ನಾಸಾ ಮುಖ್ಯಸ್ಥ ಜೇಮ್ಸ್ ವೆಬ್ ಜೊತೆ ಶ್ವೇತಭವನದಲ್ಲಿ ನಡೆದ ಮೀಟಿಂಗ್‌ನ ಟೇಪ್ ಆಮೇಲೆ ಹೊರಗೆ ಬಂತು, ಅದರಲ್ಲಿ ವೆಬ್ ವಿಜ್ಞಾನ ಅದೂ ಇದೂ ಅಂತ ವಿವರಿಸೋಕೆ ಹೋದ್ರೆ ಕೆನಡಿ, ನನಗೆ ಬಾಹ್ಯಾಕಾಶದಲ್ಲಿ ಅಷ್ಟೇನೂ ಆಸಕ್ತಿ ಇಲ್ಲ, ರಷ್ಯನ್ನರಿಗಿಂತ ಮೊದಲು ಮುಟ್ಟಬೇಕು ಅನ್ನೋ ಅರ್ಥದಲ್ಲೇ ಮಾತಾಡ್ತಾರೆ. ಮುಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಅದೇ ಕೆನಡಿ ವಿಶ್ವಸಂಸ್ಥೆಯಲ್ಲಿ ನಿಂತು ಇಬ್ಬರೂ ಸೇರ್ಕೊಂಡೇ ಚಂದ್ರನಿಗೆ ಹೋಗಬಾರದೇಕೆ ಅಂತಲೂ ಕೇಳಿದ್ರು. ಎರಡೇ ತಿಂಗಳಲ್ಲಿ ಅವರ ಹತ್ಯೆ ಆಯ್ತು, ಆ ಮಾತು ಅಲ್ಲಿಗೇ ನಿಂತೋಯ್ತು.

ಖರ್ಚು ಎಷ್ಟು ಅಂದ್ರೆ, ಜನರನ್ನ ಚಂದ್ರನಿಗೆ ಕಳಿಸಿದ ಅಮೆರಿಕದ ಅಪೊಲೋ ಯೋಜನೆಗೆ ಆಗಿನ ಲೆಕ್ಕದಲ್ಲೇ ಸುಮಾರು 2,500 ಕೋಟಿ ಡಾಲರ್, ಈಗಿನ ಬೆಲೆಗೆ ತಂದ್ರೆ ಅದರ ಹತ್ತರಷ್ಟಕ್ಕೂ ಜಾಸ್ತಿ. 1966ರಲ್ಲಿ ಅಮೆರಿಕ ಸರ್ಕಾರದ ಒಟ್ಟು ಖರ್ಚಲ್ಲಿ ಶೇಕಡಾ 4ಕ್ಕಿಂತ ಹೆಚ್ಚು ನಾಸಾ ಒಂದಕ್ಕೇ ಹೋಗ್ತಿತ್ತು, ಈಗ ಅದು ಶೇಕಡಾ ಅರ್ಧಕ್ಕಿಂತ ಕಡಿಮೆ. ಸುಮಾರು 4 ಲಕ್ಷ ಜನ ಕೆಲಸ ಮಾಡಿದ್ರು. ಚಂದ್ರನ ಮೇಲೆ ನಡೆದೋರು 12 ಜನ, ಅವರಲ್ಲಿ ವಿಜ್ಞಾನಿ ಅಂತ ಕರೀಬಹುದಾದೋರು ಒಬ್ಬರೇ, ಭೂವಿಜ್ಞಾನಿ ಹ್ಯಾರಿಸನ್ ಶ್ಮಿಟ್, ಅವರೂ ಕೊಟ್ಟಕೊನೆ ಟ್ರಿಪ್‌ನಲ್ಲಿ ಹೋಗಿದ್ದು. ಇದೊಂದರಲ್ಲೇ ಗೊತ್ತಾಗಲ್ವಾ, ಗಾಡಿಯಲ್ಲಿ ವಿಜ್ಞಾನಕ್ಕೆ ಸಿಕ್ಕಿದ್ದು ಯಾವ ಸೀಟು ಅಂತ? ಹಾಗಂತ ಬಂದ 382 ಕೆಜಿ ಕಲ್ಲುಮಣ್ಣು ವ್ಯರ್ಥ ಅಲ್ಲ, ಚಂದ್ರ ಹುಟ್ಟಿದ್ದು ಹೇಗೆ ಅನ್ನೋದರ ಬಗ್ಗೆ ನಮಗೆ ಗೊತ್ತಿರೋದರಲ್ಲಿ ಬಹುಪಾಲು ಅದರಿಂದಲೇ ಬಂದಿದ್ದು, ಮುಚ್ಚಿಟ್ಟ ಕೆಲವು ಸ್ಯಾಂಪಲ್‌ಗಳನ್ನ ಹೊಸ ಉಪಕರಣ ಬರಲಿ ಅಂತ ಕಾದು ಐವತ್ತು ವರ್ಷ ಬಿಟ್ಟು ಮೊನ್ನೆ ಮೊನ್ನೆ ತೆಗೆದಿದಾರೆ.

ಆದ್ರೆ ಗೆದ್ದ ಮೇಲೆ ಏನಾಯ್ತು? 1969ರಲ್ಲಿ ಮೊದಲ ಹೆಜ್ಜೆ, 1972ಕ್ಕೆ ಕೊನೇ ಹೆಜ್ಜೆ. ಅಪೊಲೋ 18, 19, 20 ಮೂರೂ ಕ್ಯಾನ್ಸಲ್, ಉಳಿದ ಸ್ಯಾಟರ್ನ್ ರಾಕೆಟ್‌ಗಳು ಅಡ್ಡ ಮಲಗಿ ಪ್ರದರ್ಶನದ ವಸ್ತುಗಳಾದವು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗ್ಯಾಕೆ ಅಂತಾರಲ್ಲ, ಅದೇ. ಅಲ್ಲಿಂದ ಅರ್ಧ ಶತಮಾನ ದಾಟಿದ್ರೂ ಚಂದ್ರನ ಮೇಲೆ ಇನ್ನೊಬ್ಬರು ಕಾಲಿಟ್ಟಿಲ್ಲ.

ವೇಗಕ್ಕೆ ಕೊಟ್ಟ ಬೆಲೆ ಡಾಲರ್‌ನಲ್ಲಿ ಮಾತ್ರ ಇರಲಿಲ್ಲ. 1967 ಜನವರಿ 27ಕ್ಕೆ ಅಪೊಲೋ 1ರಲ್ಲಿ, ಅದೂ ಹಾರೋ ಮೊದಲು ನೆಲದ ಮೇಲೆ ರಿಹರ್ಸಲ್ ಮಾಡ್ತಿರೋವಾಗ, ಕ್ಯಾಬಿನ್ ತುಂಬ ಶುದ್ಧ ಆಕ್ಸಿಜನ್, ಬಾಗಿಲು ಒಳಕ್ಕೆ ತೆರೆಯೋದು, ಒಂದು ಕಿಡಿ ಹತ್ತಿ ಮೂವರೂ ಹೋದ್ರು. ಮೂರೇ ತಿಂಗಳಿಗೆ ಆ ಕಡೆ ಸೋಯುಜ್ 1, ನೌಕೆಯಲ್ಲಿ ದೋಷಗಳು ಇನ್ನೂ ಉಳಿದಿರೋವಾಗಲೇ ಹಾರಿಸಿದ್ರು, ಮೇಲೆ ಹೋದ್ಮೇಲೆ ಒಂದು ಸೌರಫಲಕ ಬಿಚ್ಕೊಳ್ಳಲಿಲ್ಲ, ವಾಪಸ್ ಬರೋವಾಗ ಪ್ಯಾರಾಶೂಟ್ ಬಿಚ್ಕೊಳ್ಳಲಿಲ್ಲ, ವ್ಲಾದಿಮಿರ್ ಕೊಮರೋವ್ ತೀರಿಕೊಂಡ್ರು. ಎರಡೂ ಕಡೆ ಕ್ಯಾಲೆಂಡರ್ ನೋಡ್ಕೊಂಡೇ ಕೆಲಸ ಮಾಡ್ತಿದ್ರು. ಚಂದ್ರನಿಗೆ ಅಂತ ಸೋವಿಯತ್ ಮಾಡಿದ ಎನ್1 ರಾಕೆಟ್ ನಾಲ್ಕು ಸಲ ಹಾರಿ ನಾಲ್ಕೂ ಸಲ ವಿಫಲವಾಯ್ತು.

ಈಗ ನಿಮ್ಮ ಬಡತನದ ಮಾತಿಗೆ ಬರ್ತೀನಿ. ಇದು ಆಗಲೂ ಕೇಳಿಬಂದ ಪ್ರಶ್ನೆನೇ. ಅಪೊಲೋ 11 ಹಾರೋ ಹಿಂದಿನ ದಿನ ನಾಗರಿಕ ಹಕ್ಕುಗಳ ಹೋರಾಟಗಾರ ರೆವರೆಂಡ್ ರಾಲ್ಫ್ ಅಬರ್ನಥಿ ಬಡ ಕುಟುಂಬಗಳನ್ನ ಕರ್ಕೊಂಡು ಹೇಸರಗತ್ತೆ ಗಾಡಿ ಸಮೇತ ಉಡಾವಣಾ ಕೇಂದ್ರದ ಹತ್ರ ಬಂದು ಪ್ರತಿಭಟನೆ ಮಾಡಿದ್ರು, ಆಗಿನ ನಾಸಾ ಮುಖ್ಯಸ್ಥ ಥಾಮಸ್ ಪೇನ್ ಹೊರಗೆ ಬಂದು, ನಾಳೆ ಬಟನ್ ಒತ್ತದೇ ಇದ್ರೆ ಬಡತನ ಹೋಗುತ್ತೆ ಅಂತಾದ್ರೆ ನಾವು ಒತ್ತೋದೇ ಇಲ್ಲ ಅಂದ್ರು. ಪೇನ್ ಹೇಳಿದ್ದು ತಪ್ಪಲ್ಲ. ನಾಸಾ ಬಜೆಟ್ ಆಮೇಲೆ ಧಾರಾಳವಾಗಿಯೇ ಕಟ್ ಆಯ್ತು, ಅದರಿಂದ ಬಡತನವೇನೂ ಹೋಗಲಿಲ್ಲ. ಅದೇ ಕಾಲದಲ್ಲಿ ವಿಯೆಟ್ನಾಂ ಯುದ್ಧಕ್ಕೆ 10,000 ಕೋಟಿ ಡಾಲರ್‌ಗಿಂತ ಜಾಸ್ತಿ ಹೋಗಿದೆ, ದುಡ್ಡು ಎಲ್ಲಿ ಸೋರ್ತಿತ್ತು ಅಂತ ಹುಡುಕೋರು ರಾಕೆಟ್ ಕಡೆ ಮಾತ್ರ ಯಾಕೆ ನೋಡ್ಬೇಕು?

ಆದ್ರೆ ಬಡತನ ಬಿಟ್ಟು ರೋಗದ ವಿಷಯ ಹಿಡಿದಿದ್ರೆ ನಿಮ್ಮ ವಾದಕ್ಕೆ ಜೋರು ಬರ್ತಿತ್ತು. ನಾಸಾ ಹುಟ್ಟಿದ ಅದೇ 1958ರಲ್ಲಿ ಸೋವಿಯತ್ ವೈದ್ಯ ವಿಕ್ಟರ್ ಜ್ದಾನೋವ್ ವಿಶ್ವ ಆರೋಗ್ಯ ಸಂಸ್ಥೆಯ ಸಭೆಯಲ್ಲಿ ಸಿಡುಬನ್ನ ಭೂಮಿ ಮೇಲಿಂದಲೇ ತೊಲಗಿಸೋಣ ಅಂತ ಪ್ರಸ್ತಾಪ ಇಟ್ರು. 1967ರಿಂದ ಕೆಲಸ ಬಿರುಸಾಯ್ತು, ಅದರ ಉಸ್ತುವಾರಿ ಅಮೆರಿಕದ ಡಿ.ಎ. ಹೆಂಡರ್ಸನ್‌ದು, ಲಸಿಕೆಯಲ್ಲಿ ದೊಡ್ಡ ಪಾಲು ಸೋವಿಯತ್ ಒಕ್ಕೂಟ ದಾನ ಕೊಟ್ಟಿದ್ದು. ಮೇಲೆ ಚಂದ್ರನಿಗಾಗಿ ಹಲ್ಲು ಕಡೀತಿದ್ದ ಅದೇ ಎರಡು ದೇಶಗಳು ಕೆಳಗೆ ಸಿಡುಬಿನ ವಿಷಯಕ್ಕೆ ಕೈ ಸೇರಿಸಿದ್ವು. 1977ರಲ್ಲಿ ಸೊಮಾಲಿಯಾದಲ್ಲಿ ಸಹಜವಾಗಿ ಹರಡಿದ ಕೊನೇ ಕೇಸು, 1980ಕ್ಕೆ ರೋಗ ನಿರ್ಮೂಲ ಅಂತ ಘೋಷಣೆ. ಒಟ್ಟು ಖರ್ಚು ಸುಮಾರು 30 ಕೋಟಿ ಡಾಲರ್, ಅಂದ್ರೆ ಅಪೊಲೋದ ನೂರರಲ್ಲಿ ಒಂದು ಪಾಲಿಗಿಂತ ಒಂಚೂರು ಜಾಸ್ತಿ. ಪೈಪೋಟಿ ಇಲ್ದೆ ದೊಡ್ಡ ಕೆಲಸ ಆಗಲ್ಲ ಅನ್ನೋ ನಿಮ್ಮ ಫ್ರೆಂಡ್‌ಗೆ ಇದನ್ನ ತೋರಿಸಿ.

ಹಾಗಾದ್ರೆ ಜಿದ್ದಿನಿಂದ ಉಳಿದಿದ್ದೇನು? ಉಳಿದಿದೆ, ಆದ್ರೆ ಬಾವುಟ ನೆಟ್ಟ ಜಾಗದಲ್ಲಿ ಕಡಿಮೆ. ಸ್ಪುಟ್ನಿಕ್‌ನ ಆ ಬೀಪ್ ಸದ್ದು ಹತ್ರ ಬಂದಾಗ ಒಂಥರ, ದೂರ ಹೋದಾಗ ಒಂಥರ ಕೇಳೋದನ್ನ ಗಮನಿಸಿ ಅಮೆರಿಕದ ಇಬ್ಬರು ಸಂಶೋಧಕರು ಉಪಗ್ರಹ ಎಲ್ಲಿದೆ ಅಂತ ಲೆಕ್ಕ ಹಾಕಿದ್ರು, ಅದನ್ನೇ ತಿರುಗಿಸಿ ಹಾಕಿದ್ರೆ ನಾವೆಲ್ಲಿದೀವಿ ಅನ್ನೋದು ಗೊತ್ತಾಗುತ್ತಲ್ಲ ಅಂತ ಹೊಳೀತು, ಮೊದಲು ಜಲಾಂತರ್ಗಾಮಿಗಳಿಗೆ, ಮುಂದೆ ಜಿಪಿಎಸ್ ಆಗಿ ನಮ್ಮ ಫೋನಿಗೆ. 1960ರಲ್ಲಿ ಅಮೆರಿಕದ ಹವಾಮಾನ ಉಪಗ್ರಹ ಟೈರೋಸ್ 1 ಮೇಲಿಂದ ಮೋಡದ ಫೋಟೋ ಕಳಿಸ್ತು, ಚಂಡಮಾರುತ ಬರೋದು ಮೊದಲೇ ಗೊತ್ತಾಗೋ ಕಾಲಕ್ಕೆ ಅಲ್ಲಿಂದಲೇ ಪೀಠಿಕೆ. ಅರವತ್ತರ ದಶಕದ ಶುರುವಲ್ಲಿ ಇಂಟಿಗ್ರೇಟೆಡ್ ಚಿಪ್ ಇನ್ನೂ ದುಬಾರಿ ಆಟಿಕೆ ಆಗಿದ್ದಾಗ ಅದನ್ನ ರಾಶಿಗಟ್ಟಲೆ ಕೊಂಡ ಗಿರಾಕಿಗಳು ಅಪೊಲೋ ಕಂಪ್ಯೂಟರ್ ಮತ್ತೆ ಕ್ಷಿಪಣಿಗಳು. (ಟೆಫ್ಲಾನ್, ವೆಲ್ಕ್ರೋ ಎಲ್ಲ ನಾಸಾ ಕೊಡುಗೆ ಅಂತ ಫಾರ್ವರ್ಡ್ ಬಂದ್ರೆ ನಂಬಬೇಡಿ, ಟೆಫ್ಲಾನ್ 1938ರದ್ದು, ನಾಸಾಗಿಂತ ಇಪ್ಪತ್ತು ವರ್ಷ ದೊಡ್ಡದು.)

ನಾನು ಇಟ್ಕೊಂಡಿರೋ ಒರೆಗಲ್ಲು ಇಷ್ಟೇ. ಎದುರಾಳಿ ನಾಳೆ ಓಟ ಬಿಟ್ಟು ಮನೆಗೆ ಹೋದ್ರೂ ನಾವು ಈ ಕೆಲಸ ಮಾಡ್ತೀವಾ? ಹವಾಮಾನ ಉಪಗ್ರಹಕ್ಕೆ ಹೌದು, ದೂರದರ್ಶಕಕ್ಕೆ ಹೌದು, ರೋಬೋಟ್ ಕಳಿಸಿ ಮಣ್ಣು ತರೋದಕ್ಕೂ ಹೌದು, ಇಂಥ ವರ್ಷದೊಳಗೆ ಅವರಿಗಿಂತ ಮೊದಲು ನಮ್ಮವರ ಬೂಟು ಅಲ್ಲಿರಬೇಕು ಅನ್ನೋದಕ್ಕೆ ನನ್ನ ಕೈ ಅಷ್ಟು ಸುಲಭಕ್ಕೆ ಜೇಬಿಗೆ ಹೋಗಲ್ಲ.

ಪ್ರಶ್ನೆ: ಎಲ್ಲರೂ ಸೇರಿ ಮಾಡಿದ್ರೆ ಖರ್ಚು ಕಡಿಮೆ ಆಗುತ್ತಲ್ವಾ? ಈಗ ಯಾಕೆ ಹಾಗೆ ಮಾಡ್ತಿಲ್ಲ?

ಉತ್ತರ: ಕಡಿಮೆ ಆಗುತ್ತೆ ಅಂತ ಗ್ಯಾರಂಟಿ ಇಲ್ಲ. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣಕ್ಕೆ 15 ದೇಶ ಸೇರಿದ್ರೂ 10,000 ಕೋಟಿ ಡಾಲರ್ ದಾಟಿದೆ. ಸೇರಿ ಮಾಡೋದರ ಲಾಭ ಬೇರೆ, ನಡುವೆ ಕೈಬಿಡೋದು ಕಷ್ಟ ಆಗುತ್ತೆ. 1993ರ ಜೂನ್‌ನಲ್ಲಿ ಅಮೆರಿಕದ ಕೆಳಮನೆಯಲ್ಲಿ ಈ ನಿಲ್ದಾಣ ಉಳಿದಿದ್ದು ಒಂದೇ ಒಂದು ವೋಟಲ್ಲಿ, ಅದೇ ವರ್ಷ ರಷ್ಯಾನ ಒಳಗೆ ಸೇರಿಸ್ಕೊಂಡ್ರು, ಆಮೇಲೆ ಅದನ್ನ ಕೊಲ್ಲೋಕೆ ಯಾರಿಗೂ ಆಗಲಿಲ್ಲ. 2000ದ ನವೆಂಬರ್‌ನಿಂದ ಅದರಲ್ಲಿ ಜನ ಇಲ್ಲದ ದಿನವೇ ಇಲ್ಲ, ಉಕ್ರೇನ್ ಯುದ್ಧ ಶುರುವಾದ್ಮೇಲೂ ಅಮೆರಿಕದೋರು ರಷ್ಯಾದೋರು ಒಂದೇ ಸೂರಿನಡಿ ಇದ್ದಾರೆ.

ಚೀನಾಗೆ ಮಾತ್ರ ಅಲ್ಲಿ ಜಾಗ ಇಲ್ಲ. 2011ರಲ್ಲಿ ಅಮೆರಿಕದ ಸಂಸತ್ತು ವುಲ್ಫ್ ತಿದ್ದುಪಡಿ ತಂದು, ವಿಶೇಷ ಅನುಮತಿ ಇಲ್ಲದೆ ನಾಸಾ ಚೀನಾ ಜೊತೆ ನೇರವಾಗಿ ಸೇರಿ ಕೆಲಸ ಮಾಡೋ ಹಾಗಿಲ್ಲ ಅಂತು, ಚೀನಾ 2021ರಿಂದ ತನ್ನದೇ ತಿಯಾಂಗಾಂಗ್ ನಿಲ್ದಾಣ ಕಟ್ಕೊಳ್ತು. ತಮಾಷೆ ನೋಡಿ, ಶೀತಲ ಸಮರದ ನಡುವೆಯೇ 1971ರಲ್ಲಿ ಅಮೆರಿಕ, ಸೋವಿಯತ್ ಚಂದ್ರನ ಮಣ್ಣನ್ನ ಗ್ರಾಂ ಲೆಕ್ಕದಲ್ಲಿ ಬದಲಾಯಿಸ್ಕೊಂಡಿದ್ವು! 2024ರಲ್ಲಿ ಚೀನಾದ ಚಾಂಗ್'ಇ 6 ನೌಕೆ ಭೂಮಿಗೆ ಕಾಣದ ಚಂದ್ರನ ಆ ಬದಿಯಿಂದ ಸುಮಾರು ಎರಡು ಕೆಜಿ ಮಣ್ಣು ತಂದಿದೆ, ಈ ಮೊದಲು ಆ ಬದಿಯದ್ದನ್ನ ಯಾರೂ ತಂದಿರಲಿಲ್ಲ, ಆದ್ರೆ ವುಲ್ಫ್ ತಿದ್ದುಪಡಿಯಿಂದಾಗಿ ಅಂಥ ಅದಲುಬದಲು ಈಗ ಸುಲಭ ಅಲ್ಲ.

ಇನ್ನೊಂದು ವಿಷಯ, ಈಗ ಎಲ್ಲರೂ ಚಂದ್ರನ ದಕ್ಷಿಣ ಧ್ರುವದ ಕಡೆ ಓಡ್ತಿರೋದು ಅಲ್ಲಿ ನೀರಿನ ಮಂಜುಗಡ್ಡೆ ಇದೆ ಅಂತ ತಾನೆ. ಚಂದ್ರನ ನೆಲದಲ್ಲಿ ನೀರಿನ ಕುರುಹು ಇದೆ ಅನ್ನೋದನ್ನ 2009ರಲ್ಲಿ ಜಗತ್ತಿಗೆ ತೋರಿಸಿದ್ದು ಭಾರತದ ಚಂದ್ರಯಾನ 1ರಲ್ಲಿ ಕೂತಿದ್ದ ನಾಸಾ ಉಪಕರಣ. ಅಂದ್ರೆ ಈ ಓಟಕ್ಕೆ ದಾರಿ ಮಾಡಿದ್ದೇ ಒಂದು ಸಹಕಾರ. 2023ರ ಆಗಸ್ಟ್‌ನಲ್ಲಿ ಚಂದ್ರಯಾನ 3 ಮತ್ತೆ ರಷ್ಯಾದ ಲೂನಾ 25 ನಡುವೆ ರೇಸ್ ಅಂತ ಟಿವಿಯೋರು ಕೂಗಾಡಿದ್ದು ನೆನಪಿರಬೇಕು, ಲೂನಾ 19ನೇ ತಾರೀಕು ಅಪ್ಪಳಿಸ್ತು, ವಿಕ್ರಮ್ 23ಕ್ಕೆ ಇಳೀತು, ಸುಮಾರು 615 ಕೋಟಿ ರೂಪಾಯಿ ಖರ್ಚಲ್ಲಿ. ಅದೇ ಜನರನ್ನ ಮತ್ತೆ ಚಂದ್ರನಿಗೆ ಕಳಿಸೋ ಅಮೆರಿಕದ ಆರ್ಟೆಮಿಸ್ ಯೋಜನೆಯಲ್ಲಿ ಮೊದಲ ನಾಲ್ಕು ಉಡಾವಣೆಗಳಿಗೆ ತಲಾ 410 ಕೋಟಿ ಡಾಲರ್ ಬೀಳುತ್ತೆ ಅಂತ ನಾಸಾದ ಸ್ವಂತ ಇನ್‌ಸ್ಪೆಕ್ಟರ್ ಜನರಲ್ಲೇ ಲೆಕ್ಕ ಕೊಟ್ಟಿದಾರೆ. ಜನರನ್ನ ಕಳಿಸೋದು, ಬರೀ ಯಂತ್ರ ಕಳಿಸೋದು ಎರಡನ್ನೂ ಒಂದೇ ತಕ್ಕಡಿಗೆ ಹಾಕೋದು ನ್ಯಾಯ ಅಲ್ಲ, ಆದ್ರೂ ಅಂತರ ಎಷ್ಟು ಅಂತ ಗೊತ್ತಿರಲಿ.

ಬಿಲ್‌ನಲ್ಲಿ ಕಾಣದ ಖರ್ಚೂ ಒಂದಿದೆ. ತಮ್ಮ ಉಪಗ್ರಹವನ್ನ ತಾವೇ ಹೊಡೆದು ನಮ್ಮ ತಾಕತ್ತು ನೋಡಿ ಅಂತ ತೋರಿಸೋ ಪರೀಕ್ಷೆಗಳು, ಚೀನಾ 2007, ಅಮೆರಿಕ 2008, ಭಾರತ 2019, ರಷ್ಯಾ 2021. ಚೀನಾದ ಒಂದೇ ಏಟಿಗೆ ಲೆಕ್ಕಕ್ಕೆ ಸಿಕ್ಕ ಚೂರುಗಳೇ 3,000ಕ್ಕೂ ಹೆಚ್ಚು, ರಷ್ಯಾದ್ದಕ್ಕೆ 1,500, ಆ ದಿನ ಅಂತರರಾಷ್ಟ್ರೀಯ ನಿಲ್ದಾಣದಲ್ಲಿದ್ದ ರಷ್ಯಾದೋರೂ ಸೇರಿ ಎಲ್ಲರೂ ತಮ್ಮ ತಮ್ಮ ನೌಕೆ ಹತ್ತಿ ಬಚ್ಚಿಟ್ಕೊಂಡು ಕೂತಿದ್ರು.

ಪ್ರಶ್ನೆ: ಅಮೆರಿಕ ಕೋಟಿಗಟ್ಟಲೆ ಸುರಿದು ಬಾಹ್ಯಾಕಾಶದಲ್ಲಿ ಬರೆಯೋ ಪೆನ್ ಮಾಡ್ತಂತೆ, ರಷ್ಯಾದೋರು ಪೆನ್ಸಿಲ್ ತಗೊಂಡೋದ್ರಂತೆ, ನಿಜಾನಾ?

ಉತ್ತರ: ಅಲ್ಲ. ಶುರುವಲ್ಲಿ ಇಬ್ಬರೂ ಪೆನ್ಸಿಲ್ಲೇ ಬಳಸಿದ್ರು, ಆದ್ರೆ ಮುರಿದ ಸೀಸದ ಚೂರು, ಪುಡಿ ತೇಲಾಡಿ ಕಣ್ಣಿಗೆ, ವೈರಿಗೆ ಹೋಗೋ ಭಯ, ಸಾಲದ್ದಕ್ಕೆ ಅದು ಬೆಂಕಿನೂ ಹಿಡಿಯುತ್ತೆ. ಪೆನ್ ಮಾಡಿದ್ದು ಫಿಶರ್ ಅನ್ನೋ ಖಾಸಗಿ ಕಂಪನಿ, ತನ್ನ ಸ್ವಂತ ದುಡ್ಡಲ್ಲಿ. ನಾಸಾ ಸುಮಾರು 400 ಪೆನ್ ತಗೊಂಡ್ತು, 1969ರಲ್ಲಿ ಸೋವಿಯತ್‌ನವರೂ ಅದೇ ಕಂಪನಿಯಿಂದ 100 ಪೆನ್ನು, 1,000 ರೀಫಿಲ್ ತರಿಸ್ಕೊಂಡ್ರು.