ಅಭಿಪ್ರಾಯದ ಜೊತೆಗೆ ಅಂದಿನ ಆಕಾಶವನ್ನೂ ಬರೆಯಿರಿ

ಆಕಾಶವೀಕ್ಷಣೆಯ ಹವ್ಯಾಸಿಗಳು ಆನ್‌ಲೈನ್ ಗುಂಪುಗಳಲ್ಲಿ ನಡೆಸುವ ಚರ್ಚೆಗಳ ಬಗ್ಗೆ ಈಚೆಗೆ ಹಲವು ಪತ್ರಗಳು ಬಂದಿವೆ. ದೂರದರ್ಶಕದ ಆಯ್ಕೆಯಿಂದ ಶುರುವಾದ ಮಾತು ಮನಸ್ತಾಪದಲ್ಲಿ ಮುಗಿದ ಪ್ರಸಂಗಗಳೇ ಅವುಗಳಲ್ಲಿ ಹೆಚ್ಚು. ಹತ್ತಿರದ ಸಂಬಂಧವಿರುವ ಕೆಲವು ಪ್ರಶ್ನೆಗಳನ್ನು ಒಟ್ಟಿಗೆ ಎತ್ತಿಕೊಂಡು ಉತ್ತರಿಸಿದ್ದೇನೆ.

ಪ್ರಶ್ನೆ: ಯಾವ ದೂರದರ್ಶಕ ಕೊಳ್ಳಬೇಕೆಂದು ಹೊಸಬರೊಬ್ಬರು ನಮ್ಮ ಗುಂಪಿನಲ್ಲಿ ಕೇಳಿದರು. ಹಲವರು ನಾಲ್ಕು ಇಂಚು ವ್ಯಾಸದ ಮಸೂರ ದೂರದರ್ಶಕವನ್ನು ಸೂಚಿಸಿದರು. ‘ಅದರಲ್ಲಿ ಏನೂ ಕಾಣುವುದಿಲ್ಲ, ಎಂಟು ಇಂಚಿನ ದರ್ಪಣ ದೂರದರ್ಶಕವನ್ನೇ ತೆಗೆದುಕೊಳ್ಳಿ’ ಎಂದು ನಾನು ಬರೆದೆ. ಏಳೆಂಟು ಮಂದಿ ನನ್ನ ಮೇಲೆ ಮುಗಿಬಿದ್ದು ಆಧಾರ ಕೇಳಿದರು. ಹವ್ಯಾಸಕ್ಕೆಂದು ಸೇರಿದ ಜಾಗದಲ್ಲಿ ಸ್ವಂತ ಅಭಿಪ್ರಾಯಕ್ಕೂ ಆಧಾರ ಒದಗಿಸಬೇಕೆ?

ಉತ್ತರ: ಒದಗಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಆಧಾರವಿಲ್ಲದ ಅಭಿಪ್ರಾಯದಿಂದ ಪ್ರಶ್ನೆ ಕೇಳಿದವರಿಗೆ ಯಾವ ಪ್ರಯೋಜನವೂ ಆಗುವುದಿಲ್ಲ. ನಿಮ್ಮ ಮಾತಿನಲ್ಲಿ ಸತ್ಯಾಂಶ ಇದ್ದೇ ಇದೆ. ಎಂಟು ಇಂಚಿನ ದರ್ಪಣವು ನಾಲ್ಕು ಇಂಚಿನ ಮಸೂರಕ್ಕಿಂತ ಸುಮಾರು ನಾಲ್ಕು ಪಟ್ಟು ಬೆಳಕನ್ನು ಸಂಗ್ರಹಿಸುತ್ತದೆ. ಮಸುಕಾದ ಗ್ಯಾಲಕ್ಸಿಗಳನ್ನೂ ತಾರಾಗುಚ್ಛಗಳನ್ನೂ ನೋಡಬಯಸುವವರಿಗೆ ಇದು ದೊಡ್ಡ ವ್ಯತ್ಯಾಸ. ಅದೇ ವೇಳೆಗೆ, ಶನಿಯ ಉಂಗುರಗಳ ನಡುವಿನ ಕ್ಯಾಸಿನಿ ಅಂತರ ಒಳ್ಳೆಯ ರಾತ್ರಿಗಳಲ್ಲಿ ನಾಲ್ಕು ಇಂಚಿಗಿಂತ ಚಿಕ್ಕ ಮಸೂರದಲ್ಲೂ ಕಾಣುತ್ತದೆ ಎಂಬುದೂ ನಿಜ. ಲೆಕ್ಕದ ಪ್ರಕಾರ ನಾಲ್ಕು ಇಂಚಿನ ಉಪಕರಣ ಸುಮಾರು 1.2 ಆರ್ಕ್ ಸೆಕೆಂಡಿನಷ್ಟು (ಒಂದು ಆರ್ಕ್ ಸೆಕೆಂಡ್ ಎಂದರೆ ಡಿಗ್ರಿಯ 3600ರಲ್ಲಿ ಒಂದು ಭಾಗ), ಎಂಟು ಇಂಚಿನದು ಸುಮಾರು 0.6 ಆರ್ಕ್ ಸೆಕೆಂಡಿನಷ್ಟು ಸೂಕ್ಷ್ಮ ವಿವರವನ್ನು ಬಿಡಿಸಿ ತೋರಿಸಬಲ್ಲದು. ಆದರೆ ವಾತಾವರಣದ ಕದಲಿಕೆಯೇ ಬಿಂಬವನ್ನು ಎರಡು ಆರ್ಕ್ ಸೆಕೆಂಡಿನಷ್ಟು ಹರಡಿಬಿಡುವ ರಾತ್ರಿಯಲ್ಲಿ ಗ್ರಹಗಳ ಮಟ್ಟಿಗೆ ಆ ಅನುಕೂಲ ಬಹುಪಾಲು ಕೈತಪ್ಪುತ್ತದೆ. ಹೀಗಿರುವಾಗ ‘ಏನೂ ಕಾಣುವುದಿಲ್ಲ’ ಎಂಬ ಮಾತು ಯಾರು, ಎಲ್ಲಿಂದ, ಏನನ್ನು ನೋಡಲು ಹೊರಟಿದ್ದಾರೆ ಎಂಬುದನ್ನೆಲ್ಲ ಬದಿಗೆ ಸರಿಸಿ ತೀರ್ಪು ಕೊಟ್ಟಂತಾಯಿತು. ಅದೇ ನಾಲ್ಕು ಇಂಚಿನ ಉಪಕರಣದೊಂದಿಗೆ ವರ್ಷಗಟ್ಟಲೆ ರಾತ್ರಿಗಳನ್ನು ಕಳೆದವರು ಆ ಗುಂಪಿನಲ್ಲಿದ್ದರು. ಅವರು ನೋವಿನಿಂದ ಮಾತಾಡಿದ್ದರಲ್ಲಿ ನನಗೆ ಆಶ್ಚರ್ಯವಿಲ್ಲ.

ಖಗೋಳವೀಕ್ಷಕರಲ್ಲಿ ಇದಕ್ಕೆ ಹಳೆಯದೊಂದು ಪದ್ಧತಿಯಿದೆ. ಗ್ರಹವೊಂದರ ಮೇಲೆ ಏನು ಕಂಡಿತೆಂದು ಬರೆಯುವಾಗ ಉಪಕರಣದ ವ್ಯಾಸ, ವರ್ಧನೆ, ಸಮಯ ಮತ್ತು ಅಂದಿನ ಗಾಳಿಯ ಸ್ಥಿರತೆ, ಅಂದರೆ ವೀಕ್ಷಕರು ಸೀಯಿಂಗ್ ಎಂದು ಕರೆಯುವುದು, ಇಷ್ಟನ್ನೂ ಜೊತೆಗೆ ದಾಖಲಿಸುತ್ತಾರೆ. ಸೀಯಿಂಗನ್ನು ಒಂದರಿಂದ ಐದರವರೆಗೆ ಗುರುತಿಸುವ ಮಾಪಕಕ್ಕೆ ಗ್ರಹವೀಕ್ಷಕ ಯೂಜೀನ್ ಆಂಟೋನಿಯಾಡಿಯ ಹೆಸರಿದೆ. ಅದರಲ್ಲಿ ಒಂದು ಅತ್ಯುತ್ತಮ, ಐದು ಅತಿ ಕೆಟ್ಟದ್ದು. ಈತನ ಕಾಲದಲ್ಲಿ ಮಂಗಳದ ಕಾಲುವೆಗಳ ಬಗ್ಗೆ ನಡೆದ ವಾದ ಇಂದಿನ ಯಾವ ಗುಂಪಿನ ವಾದಕ್ಕೂ ಕಡಿಮೆಯದಲ್ಲ. 1877ರಲ್ಲಿ ಇಟಲಿಯ ಖಗೋಳವಿಜ್ಞಾನಿ ಸ್ಕಿಯಾಪರೆಲ್ಲಿ ಆ ಗ್ರಹದ ಮೇಲೆ ಗೆರೆಗಳನ್ನು ಕಂಡೆನೆಂದ. ಅಮೆರಿಕದ ಖಗೋಳವೀಕ್ಷಕ ಪರ್ಸಿವಲ್ ಲೊವೆಲ್ ಅವು ಬುದ್ಧಿಜೀವಿಗಳು ತೋಡಿದ ಕಾಲುವೆಗಳೆಂದು ವಾದಿಸಿದ. ಆಂಟೋನಿಯಾಡಿಯೂ ಮೊದಮೊದಲು ಆ ಗೆರೆಗಳನ್ನು ನಕ್ಷೆಗಳಲ್ಲಿ ತೋರಿಸಿದವನೇ. 1909ರಲ್ಲಿ ಫ್ರಾನ್ಸಿನ ಮ್ಯೂಡಾನ್ ವೀಕ್ಷಣಾಲಯದ 83 ಸೆಂಟಿಮೀಟರ್ ಮಸೂರ ದೂರದರ್ಶಕದಲ್ಲಿ, ಗಾಳಿ ಅಪರೂಪಕ್ಕೆ ನಿಶ್ಚಲವಾಗಿದ್ದಾಗ ನೋಡಿದರೆ, ಗೆರೆಗಳಿದ್ದಲ್ಲಿ ಅಂಕುಡೊಂಕಾದ ಸಣ್ಣ ಸಣ್ಣ ಕಲೆಗಳು ಕಂಡವು. ಎಲ್ಲಿ, ಯಾವ ಉಪಕರಣದಲ್ಲಿ, ಎಂಥ ಗಾಳಿಯಲ್ಲಿ ಕಂಡಿತೆಂದು ಬರೆದಿಟ್ಟದ್ದರಿಂದಲೇ ಉಳಿದವರಿಗೆ ಅವನ ಮಾತನ್ನು ತೂಗಿ ನೋಡಲು ಸಾಧ್ಯವಾಯಿತು. 1965ರಲ್ಲಿ ಮ್ಯಾರಿನರ್ 4 ನೌಕೆ ಹತ್ತಿರದಿಂದ ತೆಗೆದ ಚಿತ್ರಗಳಲ್ಲಿ ಕುಳಿಗಳಿದ್ದವು, ಕಾಲುವೆಗಳಿರಲಿಲ್ಲ.

ನೀವು ಹೀಗೆ ಬರೆದಿದ್ದರೆ ಏನಾಗುತ್ತಿತ್ತೆಂದು ಯೋಚಿಸಿ: ‘ನನ್ನ ಬಳಿ ಎಂಟು ಇಂಚಿನ ದರ್ಪಣ ದೂರದರ್ಶಕವಿದೆ. ದೀಪಗಳಿಂದ ದೂರ ಹೋದಾಗ ಹರ್ಕ್ಯುಲಿಸ್ ತಾರಾಗುಚ್ಛದ ನಕ್ಷತ್ರಗಳು ಇದರಲ್ಲಿ ಬಿಡಿಬಿಡಿಯಾಗಿ ಕಾಣುತ್ತವೆ. ಗೆಳೆಯರ ನಾಲ್ಕು ಇಂಚಿನದರಲ್ಲಿ ನನಗೆ ಹೆಚ್ಚಾಗಿ ಮಂಜಿನಂತೆ ಕಂಡಿತು. ಆದರೆ ಇದು ಭಾರ, ಆಗಾಗ ದರ್ಪಣವನ್ನು ಸರಿಹೊಂದಿಸಬೇಕು, ಹೊರಗಿಟ್ಟ ಮೇಲೆ ತಣಿಯಲು ಸಮಯ ಕೊಡಬೇಕು.’ ಅಭಿಪ್ರಾಯ ಬದಲಾಗಿಲ್ಲ. ಆದರೆ ಕೇಳಿದವರು ತಮ್ಮ ಪರಿಸ್ಥಿತಿಗೆ ಹೋಲಿಸಿ ನಿರ್ಧರಿಸಬಹುದು, ಒಪ್ಪದವರು ತಮ್ಮ ಅನುಭವವನ್ನು ಇದರ ಪಕ್ಕದಲ್ಲಿ ಇಡಬಹುದು.

ಮುಗಿಬಿದ್ದವರಿಗೂ ಒಂದು ಮಾತು. ಒಬ್ಬರು ಆಧಾರ ಕೇಳಿದ ಮೇಲೆ ಉಳಿದ ಆರೇಳು ಮಂದಿ ಅದನ್ನೇ ಕೇಳುವ ಅಗತ್ಯವಿರಲಿಲ್ಲ. ಅದು ಪ್ರಶ್ನೆಯಾಗಿ ಉಳಿಯದೆ ದಾಳಿಯಾಗುತ್ತದೆ. ಅಂತರ್ಜಾಲ ಬಳಕೆದಾರರ ಶಿಷ್ಟಾಚಾರವನ್ನು ಕ್ರೋಡೀಕರಿಸಿ 1995ರ ಅಕ್ಟೋಬರಿನಲ್ಲಿ ಪ್ರಕಟಿಸಿದ ಆರ್‌ಎಫ್‌ಸಿ 1855 ಎಂಬ ದಾಖಲೆಯಲ್ಲಿ, ಉದ್ವೇಗದಿಂದ ಬರೆದ ಉತ್ತರವನ್ನು ಕಳಿಸುವ ಮುನ್ನ ಒಂದು ರಾತ್ರಿ ಕಾಯಿರಿ ಎಂಬ ಸಲಹೆಯಿದೆ. ಅದು ಇವತ್ತಿಗೂ ಪಾಲಿಸಬೇಕಾದ ಸಲಹೆಯೇ.

ಪ್ರಶ್ನೆ: ‘ಇದು ನನ್ನ ವೈಯಕ್ತಿಕ ಅಭಿಪ್ರಾಯ’ ಎಂದು ಕೊನೆಗೆ ಸೇರಿಸಿದರೆ ಸಾಲದೆ?

ಉತ್ತರ: ರುಚಿಯ ವಿಷಯವಾದರೆ ಸಾಕು. ಜೋಡಿ ನಕ್ಷತ್ರಗಳಿಗಿಂತ ಚಂದ್ರನ ಕುಳಿಗಳನ್ನು ನೋಡುವುದೇ ಹೆಚ್ಚು ಖುಷಿ ಎಂದರೆ ಯಾರ ತಕರಾರೂ ಇಲ್ಲ, ಆಗ ಆ ಸಾಲೂ ಬೇಕಾಗಿಲ್ಲ. ಇನ್ನೊಬ್ಬರ ಉಪಕರಣವನ್ನೋ ಕೆಲಸವನ್ನೋ ಹೀಗಳೆದು ಕೊನೆಗೆ ಆ ಸಾಲು ಬರೆದರೆ ಚುಚ್ಚುಮಾತು ಮೃದುವಾಗುವುದಿಲ್ಲ. ಉತ್ತರ ಕೊಡುವ ಹಕ್ಕನ್ನೂ ಎದುರಿನವರಿಂದ ಕಸಿದುಕೊಂಡಂತೆ ಆಗುತ್ತದೆ.

ಪ್ರಶ್ನೆ: ಐಪೀಸಿಗೆ (ಕಣ್ಣಿಟ್ಟು ನೋಡುವ ಮಸೂರಕ್ಕೆ) ತಿರುಗಿಸಿ ಕೂರಿಸುವ ಕಪ್ಪು ಗಾಜಿನ ಸೌರ ಫಿಲ್ಟರ್ ಬಳಸಿ ಸೂರ್ಯನನ್ನು ನೋಡಿದೆ, ಬಹಳ ಚೆನ್ನಾಗಿದೆ ಎಂದು ಸದಸ್ಯರೊಬ್ಬರು ಬರೆದರು. ಅದು ಅಪಾಯಕಾರಿ, ಯಾರೂ ಬಳಸಬೇಡಿ ಎಂದು ನಾನು ಉತ್ತರಿಸಿದೆ. ‘ಎಲ್ಲರ ಅಭಿಪ್ರಾಯವನ್ನೂ ಗೌರವಿಸಿ’ ಎಂದು ನಿರ್ವಾಹಕರು ನನ್ನ ಸಂದೇಶವನ್ನು ಅಳಿಸಿದರು. ನಾನು ನಡೆದುಕೊಂಡದ್ದು ತಪ್ಪೆ?

ಉತ್ತರ: ತಪ್ಪಲ್ಲ. ಅಳಿಸಿದ್ದೇ ತಪ್ಪು, ಅದೂ ಸಣ್ಣ ತಪ್ಪಲ್ಲ. ದೂರದರ್ಶಕ ಒಟ್ಟುಗೂಡಿಸಿದ ಬಿಸಿಲೆಲ್ಲ ಐಪೀಸಿನ ಬಳಿಯೇ ಕೇಂದ್ರೀಕರಿಸುತ್ತದೆ. ಅಲ್ಲಿ ಕೂತ ಗಾಜು ಕಾದು ಯಾವ ಮುನ್ಸೂಚನೆಯೂ ಇಲ್ಲದೆ ಬಿರುಕು ಬಿಡಬಹುದು, ಆಗ ಕಣ್ಣು ತೆಗೆಯಲು ಸಮಯವಿರುವುದಿಲ್ಲ. ಅಕ್ಷಿಪಟಕ್ಕೆ ನೋವಿನ ಅರಿವಿಲ್ಲವಾದ್ದರಿಂದ ಹಾನಿಯಾದದ್ದು ತಕ್ಷಣಕ್ಕೆ ತಿಳಿಯುವುದೂ ಇಲ್ಲ. ಸೂರ್ಯನನ್ನು ನೋಡಲು ತಯಾರಾದ ಫಿಲ್ಟರ್ ದೂರದರ್ಶಕದ ಮುಂಭಾಗದ ಬಾಯಿಯನ್ನು ಪೂರ್ತಿ ಮುಚ್ಚುವಂತೆ, ಗಾಳಿಗೆ ಕಳಚಿ ಬೀಳದಂತೆ ಭದ್ರವಾಗಿ ಕೂತಿರಬೇಕು. ಗುರಿ ಹುಡುಕಲು ಪಕ್ಕದಲ್ಲಿರುವ ಚಿಕ್ಕ ದೂರದರ್ಶಕಕ್ಕೂ, ಅಂದರೆ ಫೈಂಡರಿಗೂ, ಮುಚ್ಚಳ ಹಾಕಿರಬೇಕು. ಒಬ್ಬರಿಗೆ ಒಂದು ದಿನ ಏನೂ ಆಗಲಿಲ್ಲ ಎಂಬುದು ಅವರ ಅನುಭವ, ಅದನ್ನು ಸುಳ್ಳೆನ್ನಬೇಕಾಗಿಲ್ಲ. ಆದರೆ ಆ ಫಿಲ್ಟರ್ ಸುರಕ್ಷಿತವೇ ಎಂಬುದು ಅಭಿಪ್ರಾಯದ ಪ್ರಶ್ನೆಯಲ್ಲ, ಅದನ್ನು ಅಭಿಪ್ರಾಯವೆಂದು ಬಿಟ್ಟುಕೊಡುವುದು ಸೌಜನ್ಯವೂ ಅಲ್ಲ. ಆ ಸಂದೇಶವನ್ನು ಓದಿದ ಮಗುವೊಂದು ನಾಳೆ ಅದನ್ನೇ ಪ್ರಯೋಗಿಸಬಹುದು.

ನಿಮ್ಮ ಮಾತಿನ ಧಾಟಿ ಹೇಗಿತ್ತೆಂದು ನೀವು ಬರೆದಿಲ್ಲ. ಇಂಥ ಕಡೆ ವಾಕ್ಯದ ಕರ್ತೃ ಫಿಲ್ಟರ್ ಆಗಿರಬೇಕು, ಬರೆದ ವ್ಯಕ್ತಿ ಆಗಿರಬಾರದು: ‘ಈ ಬಗೆಯ ಫಿಲ್ಟರ್ ಬಿಸಿಗೆ ಒಡೆಯಬಹುದು, ದಯವಿಟ್ಟು ಬಳಸಬೇಡಿ, ಮುಂಭಾಗದ ಫಿಲ್ಟರ್ ಹೀಗಿರುತ್ತದೆ’ ಎಂದರೆ ಎಚ್ಚರಿಕೆಯೂ ತಲುಪುತ್ತದೆ, ಬರೆದವರಿಗೆ ಹಿಂದೆ ಸರಿಯಲು ದಾರಿಯೂ ಉಳಿಯುತ್ತದೆ. ನಿರ್ವಾಹಕರಿಗೆ ಖಾಸಗಿಯಾಗಿ ಕಾರಣ ವಿವರಿಸಿ, ಎಚ್ಚರಿಕೆಯನ್ನು ಮತ್ತೆ ಪ್ರಕಟಿಸಲು ಕೇಳಿ. ಒಪ್ಪದಿದ್ದರೆ ಫಿಲ್ಟರ್ ಬಗ್ಗೆ ಬರೆದ ಸದಸ್ಯರಿಗೆ ನೇರವಾಗಿ ತಿಳಿಸಿ, ಸುಮ್ಮನಾಗಬೇಡಿ.

ಪ್ರಶ್ನೆ: ಹೊಸಬರು ಹಾಕುವ ಆಕಾಶದ ಚಿತ್ರಗಳಲ್ಲಿ ನಕ್ಷತ್ರಗಳು ಗೀಟುಗಳಾಗಿರುತ್ತವೆ. ಎಲ್ಲರೂ ‘ಅದ್ಭುತ’ ಎನ್ನುತ್ತಾರೆ. ಕೇಳದಿದ್ದರೂ ದೋಷ ತೋರಿಸಬಹುದೆ?

ಉತ್ತರ: ‘ಸಲಹೆ ಕೊಡಬಹುದೆ?’ ಎಂದು ಒಂದು ಸಾಲು ಕೇಳಿ. ಹೂಂ ಎಂದರೆ, ಮುಂದಿನ ರಾತ್ರಿಯೇ ಸರಿಪಡಿಸಿಕೊಳ್ಳಬಹುದಾದ ಒಂದೇ ಅಂಶವನ್ನು ಹೇಳಿ. ಆಕಾಶ ಗಂಟೆಗೆ ಸುಮಾರು 15 ಡಿಗ್ರಿ ಸರಿಯುವುದರಿಂದ, ಸ್ಥಿರ ಟ್ರೈಪಾಡಿನ ಮೇಲೆ ಎಕ್ಸ್‌ಪೋಷರ್ ಉದ್ದವಾದಷ್ಟೂ ಚುಕ್ಕಿ ಗೀಟಾಗುತ್ತದೆ. ಪೂರ್ಣ ಚೌಕಟ್ಟಿನ (ಫುಲ್ ಫ್ರೇಮ್) ಕ್ಯಾಮೆರಾದಲ್ಲಿ 500ನ್ನು ಲೆನ್ಸಿನ ನಾಭಿದೂರದಿಂದ ಭಾಗಿಸಿದರೆ ಸೆಕೆಂಡುಗಳ ಸ್ಥೂಲ ಮಿತಿ ಸಿಗುತ್ತದೆ. 50 ಮಿಲಿಮೀಟರಿಗೆ 10 ಸೆಕೆಂಡು, ಇಂದಿನ ಸೂಕ್ಷ್ಮ ಸೆನ್ಸರುಗಳಿಗೆ ಇನ್ನೂ ಕಡಿಮೆಯೇ ಮೇಲು. ಇಷ್ಟು ಹೇಳಿದರೆ ಅವರಿಗೆ ಕೆಲಸಕ್ಕೆ ಬರುತ್ತದೆ. ನೀಹಾರಿಕೆಗೆ ಕೊಟ್ಟ ಬಣ್ಣ ಇಷ್ಟವಾಗಲಿಲ್ಲವೆಂಬುದನ್ನು ಮಾತ್ರ, ಅವರೇ ಕೇಳುವವರೆಗೆ, ನಿಮ್ಮಲ್ಲೇ ಇಟ್ಟುಕೊಳ್ಳಿ. ‘ಅದ್ಭುತ’ ಎಂದವರ ಮೇಲೂ ಮುನಿಸು ಬೇಡ. ಮೊದಲ ಚಿತ್ರಕ್ಕೆ ಆ ಮಾತು ಸಲ್ಲುತ್ತದೆ.

ಪ್ರಶ್ನೆ: ಸದಸ್ಯರು ರಾಜಕೀಯ ಅಭಿಪ್ರಾಯಗಳನ್ನು ಗುಂಪಿಗೆ ತರುವುದನ್ನು ತಡೆಯಬೇಕೆ?

ಉತ್ತರ: ಪಕ್ಷ, ಚುನಾವಣೆಗಳ ಮಾತನ್ನು ತಡೆಯಬೇಕು. ಆದರೆ ಬೀದಿದೀಪಗಳ ಬೆಳಕು ಆಕಾಶಕ್ಕೆ ಚೆಲ್ಲದಂತೆ ನಿಯಮ ಬೇಕೆಂಬ ಚರ್ಚೆ ರಾಜಕೀಯವನ್ನು ಮುಟ್ಟಿದರೂ ಹವ್ಯಾಸಕ್ಕೆ ಸೇರಿದ್ದೇ. ಆಕಾಶದ ಕತ್ತಲೆಯನ್ನು ಒಂದರಿಂದ ಒಂಬತ್ತರವರೆಗೆ ಅಳೆಯುವ ಮಾಪಕವನ್ನು 2001ರಲ್ಲಿ ಜಾನ್ ಬಾರ್ಟಲ್ ಎಂಬ ಹವ್ಯಾಸಿ ವೀಕ್ಷಕರೇ ಕೊಟ್ಟರು. ಆ ಮಾತನ್ನು ಗುಂಪಿನಿಂದ ಹೊರಗಿಟ್ಟರೆ ನೋಡುವುದಕ್ಕೆ ಆಕಾಶವೇ ಉಳಿಯುವುದಿಲ್ಲ.

ಪ್ರಶ್ನೆ: ನಮ್ಮ ಗುಂಪಿನ ಹಿರಿಯರೊಬ್ಬರು ಧೂಮಕೇತುವೊಂದು ಚಿಕ್ಕ ದುರ್ಬೀನಿನಲ್ಲೇ ಸುಲಭವಾಗಿ ಕಂಡಿತೆಂದು ಬರೆದರು. ಅವರ ಹಿಂದೆಯೇ ಹಲವರು ತಮಗೂ ಕಂಡಿತೆಂದರು. ಅದೇ ರಾತ್ರಿ ನಾನು ಬಹಳ ಹೊತ್ತು ಹುಡುಕಿದರೂ ಕಾಣಲಿಲ್ಲ. ಹೇಳಿದರೆ ಅವರನ್ನು ಅವಮಾನಿಸಿದಂತಾಗುತ್ತದೆಯೆ?

ಉತ್ತರ: ಆಗುವುದಿಲ್ಲ, ಹೇಳಲೇಬೇಕು. ದೊಡ್ಡವರು ಮೊದಲು ಮಾತಾಡಿದ ಮೇಲೆ ಉಳಿದವರ ಕಣ್ಣಿಗೂ ಅದೇ ಕಾಣತೊಡಗುವುದು ಮನುಷ್ಯಸಹಜ, ಇದರಲ್ಲಿ ಯಾರ ಕಪಟವೂ ಇಲ್ಲ. ಅದಕ್ಕಾಗಿಯೇ ಚಂಚಲ ನಕ್ಷತ್ರಗಳ, ಅಂದರೆ ಬೆಳಕು ಹೆಚ್ಚುಕಡಿಮೆಯಾಗುವ ನಕ್ಷತ್ರಗಳ, ಪ್ರಕಾಶವನ್ನು ಕಣ್ಣಂದಾಜಿನಿಂದ ದಾಖಲಿಸುವವರು, ಇತರರ ಅಂದಾಜನ್ನು ನೋಡುವ ಮೊದಲೇ ತಮ್ಮದನ್ನು ಬರೆದಿಡುವ ಶಿಸ್ತನ್ನು ಪಾಲಿಸುತ್ತಾರೆ. 1911ರಲ್ಲಿ ಅಮೆರಿಕದಲ್ಲಿ ಶುರುವಾದ ಎಎವಿಎಸ್‌ಒ ಎಂಬ ಚಂಚಲ ನಕ್ಷತ್ರ ವೀಕ್ಷಕರ ಸಂಘ, ನಕ್ಷತ್ರ ಕಾಣಲಿಲ್ಲವೆಂಬ ವರದಿಗಳನ್ನೂ ಸ್ವೀಕರಿಸುತ್ತದೆ. ಅಂದು ಕಂಡ ಅತಿ ಮಂದ ಹೋಲಿಕೆ ನಕ್ಷತ್ರ (ಹೋಲಿಸಿ ನೋಡಲು ಬಳಸುವ, ಪ್ರಕಾಶ ಗೊತ್ತಿರುವ ನಕ್ಷತ್ರ) ಯಾವುದು, ಹುಡುಕಿದ್ದು ಅದಕ್ಕಿಂತ ಮಂದವಾಗಿತ್ತು ಎಂದು ಬರೆದರೆ ಅದೂ ಒಂದು ವೀಕ್ಷಣೆಯೇ. ನೀವೂ ಹಾಗೆಯೇ ಮಾಡಬಹುದು. ಹಿರಿಯರ ಹೆಸರೆತ್ತದೆ, ಅವರ ಸಂದೇಶಕ್ಕೆ ಉತ್ತರವೆಂಬಂತೆ ಅಲ್ಲದೆ ಪ್ರತ್ಯೇಕ ವರದಿಯಾಗಿ, ಎಷ್ಟು ಗಂಟೆಗೆ, ಯಾವ ದುರ್ಬೀನಿನಲ್ಲಿ, ಎಷ್ಟು ಮಂದ ನಕ್ಷತ್ರದವರೆಗೆ ಕಾಣುತ್ತಿದ್ದ ಆಕಾಶದಲ್ಲಿ ಹುಡುಕಿದಿರಿ, ಚಂದ್ರನಿದ್ದನೇ ಇಲ್ಲವೇ ಎಂಬುದನ್ನು ಬರೆದು, ಕೊನೆಗೆ ‘ಕಾಣಲಿಲ್ಲ’ ಎಂದು ಸೇರಿಸಿ.