ಒಂಬತ್ತನೇ ದೀದಿ: ಮಕ್ಕಳ ಮನೆಯ ಸೇವೆ ಮುಗಿಸಿ ಬಂದ ಯುವತಿಯ ಪ್ರಕರಣ

(ಗುರುತು ಸಿಗದಂತೆ ಊರು, ವಯಸ್ಸು ಮತ್ತು ಕೆಲವು ವಿವರಗಳನ್ನು ಬದಲಿಸಿದೆ. ಆಪ್ತಸಲಹೆಗೆ ಬಂದವರನ್ನು ಇಲ್ಲಿ ಎಸ್. ಎಂದು ಕರೆದಿದೆ.)

ಎಸ್. ಅವರಿಗೆ 23 ವರ್ಷ. ಬಿ.ಕಾಂ. ಮುಗಿಸಿ, ಉತ್ತರ ಕರ್ನಾಟಕದ ಒಂದು ಕ್ರೈಸ್ತ ಸಭೆಯ (ಚರ್ಚಿನ) ಯುವಜನ ಸಂಘದ ಮೂಲಕ ನೇಪಾಳದ ಕಠ್ಮಂಡು ಕಣಿವೆಯ ಮಕ್ಕಳ ಮನೆಯೊಂದಕ್ಕೆ, ಅಂದರೆ ಅನಾಥಾಲಯಕ್ಕೆ, ಆರು ತಿಂಗಳ ಸೇವೆಗೆ ಹೋಗಿದ್ದರು. ಊರಿಗೆ ಮರಳಿ ಐದು ವಾರವಾಗಿತ್ತು. ರಾತ್ರಿ ಮೂರಕ್ಕೆ ಎಚ್ಚರವಾದರೆ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಊಟ ಅರ್ಧಕ್ಕರ್ಧ ಕಡಿಮೆಯಾಗಿತ್ತು. ಭಾನುವಾರ ಬಂದರೆ ತಲೆನೋವು. ಫೋಟೊ ತೋರಿಸಿ ಸಾಕ್ಷಿ (ಸೇವೆಯ ಅನುಭವ) ಹೇಳಬೇಕೆಂದು ಸಭೆಯವರು ಎರಡು ಸಲ ದಿನ ಗೊತ್ತುಮಾಡಿದ್ದರು, ಎರಡೂ ಸಲ ಇವರು ತಪ್ಪಿಸಿಕೊಂಡಿದ್ದರು. ಕರೆತಂದದ್ದು ತಾಯಿ. ಎಸ್. ಆಡಿದ ಮೊದಲ ಮಾತು: "ಒಂದು ಮಗೂನ ಬಿಟ್ಟು ಓಡಿ ಬಂದೀನಿ ಮೇಡಂ."

ಪಿಎಚ್‌ಕ್ಯು-9 ಎಂಬ ಖಿನ್ನತೆ ಅಳೆಯುವ ಪ್ರಶ್ನಾವಳಿಯಲ್ಲಿ ಅಂಕ 13, ಅಂದರೆ ಮಧ್ಯಮ ಮಟ್ಟದ ಖಿನ್ನತೆ. ಸಾಯುವ ಯೋಚನೆಯನ್ನು ಕೇಳುವ ಒಂಬತ್ತನೇ ಪ್ರಶ್ನೆಗೆ ಸೊನ್ನೆ. ಆದರೂ ಮೊದಲ ದಿನವೇ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ನ ಸಂಖ್ಯೆ 14416 ಬರೆದುಕೊಟ್ಟೆವು. ಎರಡು ವಾರದಲ್ಲಿ ನಿದ್ದೆ ಸುಧಾರಿಸದಿದ್ದರೆ ಮನೋವೈದ್ಯರ ಬಳಿ ಹೋಗುವುದೆಂದು ಮೊದಲೇ ಒಪ್ಪಿಕೊಂಡೆವು.

ಬಿಟ್ಟುಬಂದೆ ಎಂದದ್ದು ಐದು ವರ್ಷದ ಹುಡುಗಿಯನ್ನು. ಎಸ್. ಗೇಟಿನೊಳಗೆ ಕಾಲಿಟ್ಟ ದಿನವೇ ಆ ಮಗು ಓಡಿಬಂದು "ದೀದಿ" (ಅಕ್ಕ) ಎಂದು ಸೊಂಟಕ್ಕೆ ಅಂಟಿಕೊಂಡಿತ್ತು. ದೇವರು ತನ್ನನ್ನು ಇಲ್ಲಿಗೆ ಕರೆದದ್ದು ಈ ಮಗುವಿಗಾಗಿಯೇ ಎಂದು ಎಸ್. ಆ ಸಂಜೆಯೇ ಪ್ರಾರ್ಥನಾ ಪತ್ರದಲ್ಲಿ ಬರೆದಿದ್ದರು. ಹೊರಡುವಾಗ "ಮ ಫೇರಿ ಆಉಂಛು", ಮತ್ತೆ ಬರುತ್ತೇನೆ, ಎಂದು ಮಾತು ಕೊಟ್ಟಿದ್ದರು. ಈಗ ದಿನಾ ಸಂಜೆ ಏಳೂವರೆಗೆ ಅಲ್ಲಿಂದ ವಿಡಿಯೊ ಕರೆ. ಒಂದು ದಿನ ತಪ್ಪಿದರೆ ಮಗು ಊಟ ಮಾಡಲಿಲ್ಲ ಎಂಬ ಸಂದೇಶ ಬರುತ್ತಿತ್ತು, ಅದರ ಹಿಂದೆಯೇ ಬೂಟಿಗೆ, ಸ್ವೆಟರಿಗೆ ಹಣದ ಬೇಡಿಕೆ. ಇನ್ನೂ ಒಂದು ವರ್ಷ ಬನ್ನಿ ಎಂಬ ಆಹ್ವಾನವೂ ಬಂದಿತ್ತು.

ಎರಡನೇ ಭೇಟಿಯಲ್ಲಿ ಒಂದು ಹಾಳೆಯ ಮೇಲೆ ಉದ್ದ ಗೆರೆ ಎಳೆದು, ಮಗು ಆ ಮನೆಯಲ್ಲಿ ಕಳೆದ ತಿಂಗಳುಗಳನ್ನು ಗುರುತು ಹಾಕಿದೆವು. ಒಟ್ಟು ಇಪ್ಪತ್ತು. ಗೋಡೆಯ ಗ್ರೂಪ್ ಫೋಟೊಗಳು, ದೊಡ್ಡ ಮಕ್ಕಳ ಮಾತು, ನೆನಪಿಗೆ ಬಂದದ್ದನ್ನೆಲ್ಲ ಸೇರಿಸಿ, ಆ ಅವಧಿಯಲ್ಲಿ ಸೇವೆಗೆಂದು ಬಂದುಹೋದ ದೀದಿಯರನ್ನು ಎಣಿಸಲು ಹೇಳಿದೆವು. ಕೆಲವರು ಮೂರು ವಾರ ಇದ್ದವರು, ಕೆಲವರು ಎರಡು ತಿಂಗಳು. ಎಸ್. ಒಂಬತ್ತನೆಯವರು. ಪೆನ್ನು ಕೆಳಗಿಟ್ಟು ತುಂಬ ಹೊತ್ತು ಸುಮ್ಮನಿದ್ದರು.

ಇಲ್ಲಿ ಸ್ವಲ್ಪ ವಿವರಿಸಬೇಕು. ಹೆತ್ತವರ ಜತೆ ಬೆಳೆದ ಐದು ವರ್ಷದ ಮಗು ಅಪರಿಚಿತರನ್ನು ಕಂಡರೆ ಸಾಮಾನ್ಯವಾಗಿ ಅಮ್ಮನ ಸೆರಗಿನ ಹಿಂದೆ ಸರಿದು, ಆಮೇಲೆ ಇಣುಕುತ್ತದೆ. ನೋಡಿದ ತಕ್ಷಣ ಯಾರ ಮಡಿಲಿಗಾದರೂ ಏರುವ ಮಗುವನ್ನು ಕಂಡು ನಾವು "ಎಷ್ಟು ಪ್ರೀತಿ" ಎನ್ನುತ್ತೇವೆ. ಆರೈಕೆ ಮಾಡುವವರು ಪದೇ ಪದೇ ಬದಲಾಗುವ ಕಡೆ ಬೆಳೆದ ಮಕ್ಕಳಲ್ಲಿ ಈ ವರ್ತನೆ ಹೆಚ್ಚು. ರೊಮೇನಿಯಾದ ಬುಖಾರೆಸ್ಟ್‌ನಲ್ಲಿ 2000ರಲ್ಲಿ ಶುರುವಾಗಿ ಸಂಸ್ಥೆಗಳಲ್ಲಿದ್ದ 136 ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿದ ಅಧ್ಯಯನವೂ ಇದನ್ನು ದಾಖಲಿಸಿದೆ. ಎಸ್. ಅವರನ್ನು ಕಟ್ಟಿಹಾಕಿದ ಆ ಮೊದಲ ಅಪ್ಪುಗೆ ಹಿಂದಿನ ಎಂಟು ವಿದಾಯಗಳ ಗುರುತು. ಇದನ್ನು ಹೇಳುವುದು ಕ್ರೂರವೆನಿಸಬಹುದು. ಹೇಳದೆ ಬಿಟ್ಟಿದ್ದರೆ ಅವರು ಮತ್ತೊಂದು ವರ್ಷಕ್ಕೆ ಟಿಕೆಟ್ ತೆಗೆಯುತ್ತಿದ್ದರು, ಅದರ ಕೊನೆಗೆ ಇನ್ನೊಂದು ವಿದಾಯ ಕಾದಿರುತ್ತಿತ್ತು.

ಇಷ್ಟಾದರೂ ನಿದ್ದೆ ಬರಲಿಲ್ಲ. ಕಾರಣ ಮೂರನೇ ಭೇಟಿಯಲ್ಲಿ ಹೊರಬಿತ್ತು.

ಹನ್ನೊಂದು ವರ್ಷದ ಹುಡುಗನೊಬ್ಬ ಒಂದು ರಾತ್ರಿ ಪಾತ್ರೆ ತೊಳೆಯುತ್ತ ಹೇಳಿದ್ದನಂತೆ: ನನ್ನ ತಾಯಿ ಹುಮ್ಲಾದಲ್ಲಿ ಇದ್ದಾಳೆ, ಅತಿಥಿಗಳು ಕೇಳಿದರೆ ಸತ್ತಿದ್ದಾಳೆ ಎನ್ನಬೇಕು. ಎಸ್. ಕಣ್ಣೀರಾಗಿ ಮರುದಿನ ಬೆಳಿಗ್ಗೆಯೇ ನೇರ ನಿರ್ದೇಶಕರ ಬಳಿ ಹೋಗಿ ಕೇಳಿದರು. ಮೂರು ದಿನದಲ್ಲಿ ಹುಡುಗನನ್ನು ಬೇರೆ ಕಟ್ಟಡಕ್ಕೆ ಸಾಗಿಸಿದರು. ಮತ್ತೆ ಅವನ ಮುಖ ಕಾಣಲಿಲ್ಲ. ಐದು ವಾರದಿಂದ ರಾತ್ರಿ ಮೂರಕ್ಕೆ ಎಬ್ಬಿಸುತ್ತಿದ್ದವನು ಇವನೇ.

ಹುಮ್ಲಾ ನೇಪಾಳದ ವಾಯವ್ಯ ಮೂಲೆಯ ಬಡ ಗುಡ್ಡಗಾಡು ಜಿಲ್ಲೆ. 1996ರಿಂದ 2006ರವರೆಗಿನ ಅಂತರ್ಯುದ್ಧದ ಕಾಲದಲ್ಲಿ, ರಾಜಧಾನಿಯಲ್ಲಿ ಇಂಗ್ಲಿಷ್ ಶಾಲೆಗೆ ಸೇರಿಸುತ್ತೇವೆ, ಮಗು ಸುರಕ್ಷಿತವಾಗಿರುತ್ತದೆ ಎಂದು ನಂಬಿಸಿ ದಲ್ಲಾಳಿಗಳು ತಂದೆತಾಯಿಯರಿಂದ ದುಡ್ಡನ್ನೂ ಪಡೆದು ಮಕ್ಕಳನ್ನು ಕರೆದೊಯ್ದರು. ಯುದ್ಧ ಮುಗಿದರೂ ದಾರಿ ಮುಚ್ಚಲಿಲ್ಲ. ತಂದೆತಾಯಿ ಸತ್ತಿದ್ದಾರೆಂಬ ಸುಳ್ಳು ಕಾಗದ ಮಾಡಿಸಿದರೆ ಮಗು "ಅನಾಥ". ನೇಪಾಳದ ಮಕ್ಕಳ ಮನೆಗಳಲ್ಲಿ ಹೆಚ್ಚಿನವು ಕಠ್ಮಂಡು, ಲಲಿತಪುರ, ಭಕ್ತಪುರ, ಕಾಸ್ಕಿ, ಚಿತ್ವನ್ ಈ ಐದೇ ಜಿಲ್ಲೆಗಳಲ್ಲಿವೆ. ಪ್ರವಾಸಿಗರು ಹೋಗುವುದೂ ಅಲ್ಲಿಗೇ. ಅನಾಥರು ಹೆಚ್ಚಿರುವ ಕಡೆ ಮನೆಗಳು ಎದ್ದಿದ್ದರೆ ನಕ್ಷೆ ಬೇರೆಯೇ ಇರುತ್ತಿತ್ತು. ಎಸ್. ಇದ್ದ ಮನೆಯಲ್ಲಿ ಮೋಸ ಇತ್ತೋ ಇಲ್ಲವೋ ಎಂದು ಆಪ್ತಸಲಹೆಯ ಕೋಣೆಯಲ್ಲಿ ಕೂತು ತೀರ್ಮಾನಿಸಲಾಗದು. ನೇಪಾಳದಲ್ಲಿ ಮನೆಮಂದಿಯೆಲ್ಲ ಒಂದಾಗುವ ದಶೈಂ (ದಸರೆ) ಹಬ್ಬಕ್ಕೆ 22 ಮಕ್ಕಳಲ್ಲಿ ಒಬ್ಬರೂ ಊರಿಗೆ ಹೋಗಲಿಲ್ಲ, ಒಬ್ಬ ಬಂಧುವೂ ಬರಲಿಲ್ಲ ಎಂಬುದು ಮಾತ್ರ ವಿಚಾರಿಸಲೇಬೇಕಾದ ಸಂಗತಿ.

ನಿರ್ದೇಶಕರಿಗೆ ಹೇಳಿದ್ದು ತಪ್ಪು ಹೆಜ್ಜೆ. ಅದನ್ನು ಮುಚ್ಚಿಡಲಿಲ್ಲ. ಆದರೆ ಹೀಗಾದರೆ ಏನು ಮಾಡಬೇಕೆಂದು ಕಳಿಸಿದವರು ಅವರಿಗೆ ಒಂದು ಗಂಟೆಯ ತರಬೇತಿಯನ್ನೂ ಕೊಟ್ಟಿರಲಿಲ್ಲ. ಹಾಡು, ಕೈಕೆಲಸ, ಬೈಬಲ್ ಕಥೆ ಕಲಿಸಿದ್ದರು. ಪೊಲೀಸ್ ದೃಢೀಕರಣ ಪತ್ರ ಕೇಳಿರಲಿಲ್ಲ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡವಾದ್ದರಿಂದ ಗಡಿಯಲ್ಲೂ ಕೇಳುವವರಿರಲಿಲ್ಲ.

ಮಗು ಗುಟ್ಟು ಹೇಳಿದಾಗ ಕೇಳಿಸಿಕೊಳ್ಳಬೇಕು, ಕೆದಕಬಾರದು. "ಯಾರಿಗೂ ಹೇಳಲ್ಲ" ಎಂದು ಮಾತು ಕೊಡಬಾರದು. ಅದೇ ದಿನ ಮಗುವಿನ ಮಾತನ್ನು ಅದರ ಭಾಷೆಯಲ್ಲೇ, ನಮ್ಮ ಅರ್ಥ ಬೆರೆಸದೆ, ದಿನಾಂಕ, ಸಮಯ, ಪಕ್ಕದಲ್ಲಿದ್ದವರ ಸಮೇತ ಬರೆದಿಡಬೇಕು. ಆರೋಪ ಯಾರತ್ತ ತಿರುಗುತ್ತದೋ ಅವರಿಗೆ ಹೇಳದೆ ಹೊರಗಿನವರಿಗೆ ತಿಳಿಸಬೇಕು. ತಡವಾಗಿದ್ದರೂ ಇದನ್ನು ಮಾಡಲು ಎಸ್. ಅವರಿಗೆ ಇನ್ನೂ ಅವಕಾಶವಿತ್ತು. ನೆನಪಿದ್ದ ಮಾತುಗಳನ್ನು ಒಂದು ಪುಟದಲ್ಲಿ ಬರೆಸಿ, ನೆನಪಿಲ್ಲದ ಕಡೆ "ನೆನಪಿಲ್ಲ" ಎಂದೇ ಹಾಕಿಸಿದೆವು. ಒಂದು ತೊಡಕಿತ್ತು: ಮಕ್ಕಳ ಸಹಾಯವಾಣಿ ಎರಡೂ ದೇಶಗಳಲ್ಲಿ 1098. ಇಲ್ಲಿಂದ ಒತ್ತಿದರೆ ಫೋನ್ ಎತ್ತುವುದು ಇಲ್ಲಿಯವರೇ. ಆದ್ದರಿಂದ ಪುಟ ಅಲ್ಲಿನ ರಾಷ್ಟ್ರೀಯ ಬಾಲ ಹಕ್ಕು ಪರಿಷತ್ತಿಗೆ ಇಮೇಲಿನಲ್ಲಿ ಹೋಯಿತು. ಕಠ್ಮಂಡುವಿನಲ್ಲಿದ್ದ ಪರಿಚಯದ ನರ್ಸ್ ಒಬ್ಬರು ಅಲ್ಲಿಂದಲೇ 1098ಕ್ಕೆ ಕರೆ ಮಾಡಿದರು. ಹುಮ್ಲಾಕ್ಕೆ ಹೋಗಿ ತಾಯಿಯನ್ನು ಹುಡುಕುತ್ತೇನೆ ಎಂದು ಎಸ್. ಹೊರಟಿದ್ದರು. ಬೇಡವೆಂದು ಗಟ್ಟಿಯಾಗಿ ಹೇಳಿದೆವು. ಕುಟುಂಬ ಪತ್ತೆ ತರಬೇತಿ ಪಡೆದವರ ಕೆಲಸ, ಎಡವಟ್ಟಾದರೆ ಹುಡುಗನನ್ನು ಇನ್ನೂ ದೂರ ಸಾಗಿಸುತ್ತಾರೆ.

ಹುಡುಗಿಯ ಕರೆಗಳನ್ನು ಒಮ್ಮೆಗೇ ನಿಲ್ಲಿಸಬೇಡಿ ಎಂದೆವು. ಹತ್ತು ವಾರದ ಲೆಕ್ಕ ಹಾಕಿಕೊಂಡೆವು: ಮೊದಲ ಮೂರು ವಾರ ವಾರಕ್ಕೆರಡು ಸಲ, ಹತ್ತು ನಿಮಿಷ, ಗೊತ್ತಾದ ಹೊತ್ತಿಗೆ. ಮುಂದಿನ ಮೂರು ವಾರ ವಾರಕ್ಕೊಂದು. ಆಮೇಲೆ ಹದಿನೈದು ದಿನಕ್ಕೊಂದು, ಕೊನೆಗೆ ತಿಂಗಳಿಗೊಂದು ಕಾಗದ. ಕರೆಗಳ ದಿನಗಳಿಗೆ ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ, ಆ ಕ್ಯಾಲೆಂಡರ್ ಮಗುವಿನ ಮಂಚದ ಬಳಿ ಇರಬೇಕು. ಪ್ರತಿ ಕರೆಯಲ್ಲೂ ಮಕ್ಕಳನ್ನು ನೋಡಿಕೊಳ್ಳುವ ಹೌಸ್ ಮದರ್ ಪಕ್ಕದಲ್ಲಿರಬೇಕು. ಅಲ್ಲೇ ಉಳಿಯುವವರು ಅವರು, ಮಗುವಿನ ಕಣ್ಣಲ್ಲಿ ದೊಡ್ಡವರಾಗಬೇಕಾದವರೂ ಅವರೇ. ಮೂರನೇ ಕರೆಯಲ್ಲಿ ಹೇಳಬೇಕಾದ ಮಾತನ್ನು ಎಸ್. ಕನ್ನಡಿ ಮುಂದೆ ನಿಂತು ಅಭ್ಯಾಸ ಮಾಡಿದರು: "ನಾನು ಅಲ್ಲಿಗೆ ವಾಸಕ್ಕೆ ಬರುವುದಿಲ್ಲ. ಬರುತ್ತೇನೆ ಎಂದದ್ದು ನನ್ನ ತಪ್ಪು, ನಿನ್ನದು ಏನೂ ತಪ್ಪಿಲ್ಲ." ಮಗು ಅತ್ತರೆ ಉಡುಗೊರೆಯ ಆಸೆ ತೋರಿಸಬಾರದು. ಕರೆಗೆ ತಳುಕು ಹಾಕಿ ಬರುವ ಹಣದ ಕೇಳಿಕೆಗೆ ಒಂದೇ ಉತ್ತರ: ಸಭೆಯ ಮೂಲಕ ಕೇಳಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂಗಳಲ್ಲಿ ಮುಖ, ಹೆಸರು, ಊರು ಮೂರೂ ಇದ್ದ ಫೋಟೊಗಳು 140ಕ್ಕೂ ಹೆಚ್ಚು. ಎಲ್ಲವನ್ನೂ ಅಳಿಸಿದರು, ಹಂಚಿಕೊಂಡವರಿಗೆ ಒಬ್ಬೊಬ್ಬರಿಗೇ ಸಂದೇಶ ಹೋಯಿತು.

ಧರ್ಮದ ಮಾತು ಬಂದಾಗ ಎಸ್. ಸ್ವಲ್ಪ ಸೆಟೆದುಕೊಂಡರು. ಅವರ ನಂಬಿಕೆಯನ್ನು ಅಳೆಯುವುದು ನಮ್ಮ ಕೆಲಸವಲ್ಲ ಎಂದು ಹೇಳಿಯೇ ಎರಡು ಸಂಗತಿ ಮುಂದಿಟ್ಟೆವು. ನೇಪಾಳದ ಸಂವಿಧಾನದ 26ನೇ ವಿಧಿ ಇನ್ನೊಬ್ಬರನ್ನು ಮತಾಂತರಿಸುವುದನ್ನು ನಿಷೇಧಿಸುತ್ತದೆ. 2017ರ ಅಪರಾಧ ಸಂಹಿತೆಯ 158ನೇ ಕಲಂ ಪ್ರಕಾರ ಐದು ವರ್ಷದವರೆಗೆ ಜೈಲು, 50,000 ನೇಪಾಳಿ ರೂಪಾಯಿವರೆಗೆ ದಂಡ, ವಿದೇಶಿಯರಿಗೆ ಶಿಕ್ಷೆಯ ನಂತರ ಗಡೀಪಾರು. ಎಸ್. ಅವರಿಂದ ಮಕ್ಕಳಿಗೆ ರಾತ್ರಿ ಪ್ರಾರ್ಥನೆ ಮಾಡಿಸುತ್ತಿದ್ದವರು ಇದನ್ನು ತಿಳಿಸಿರಲಿಲ್ಲ. ಎರಡನೆಯದು, ಅಲ್ಲಿ ಮಕ್ಕಳಿಗೆ ಬೈಬಲ್ಲಿನ ಹೆಸರಿಟ್ಟು ಶಾಲೆಯ ದಾಖಲೆಯಲ್ಲೂ ಬರೆಸಿದ್ದರು. ಹೆಸರು ಬದಲಾದರೆ ನಾಳೆ ತಾಯಿ ಹುಡುಕಿಕೊಂಡು ಬಂದರೂ ಮಗು ಸಿಗುವುದಿಲ್ಲ. ಅನ್ನ ಹಾಕುವ ಕೈ ಕೇಳಿದಾಗ "ಬೇಡ" ಎನ್ನುವ ಶಕ್ತಿಯೂ ಆ ವಯಸ್ಸಿಗಿರದು.

ಸೇವೆಗೆ ಹೋಗುವ ಮೊದಲು ಎಸ್. ಬಾಯಿಪಾಠ ಮಾಡಿದ್ದ ವಚನ ಯಾಕೋಬನ ಪತ್ರಿಕೆ 1:27. ಅದನ್ನು ಮತ್ತೊಮ್ಮೆ ಓದಿ ಎಂದೆವು. ದಿಕ್ಕಿಲ್ಲದ ಮಕ್ಕಳ ಜತೆಗೆ ವಿಧವೆಯರೂ ಅದೇ ಸಾಲಿನಲ್ಲಿದ್ದಾರೆ. "ಆ ಹುಡುಗನ ಅವ್ವನೂ ವಿಧವೆ ಇದ್ದಿರಬಹುದು" ಎಂದು ಅವರೇ ಹೇಳಿದರು. ಸಭೆ ಆ ಮಕ್ಕಳ ಮನೆಗೆ ವರ್ಷಕ್ಕೆ ಕಳಿಸುವ 1,80,000 ರೂಪಾಯಿಯ ಚರ್ಚೆ ಶುರುವಾದದ್ದು ಅಲ್ಲಿಂದ. ಹಣ ಥಟ್ಟನೆ ನಿಂತರೆ ಮೊದಲು ಕಡಿತವಾಗುವುದು ಮಕ್ಕಳ ತಟ್ಟೆ. ಹಾಗಾಗಿ ಆರು ತಿಂಗಳ ಗಡುವು ಕೊಟ್ಟು ಮಕ್ಕಳ ಮನೆಯವರನ್ನು ಲಿಖಿತವಾಗಿ ಕೇಳಲು ಸೂಚಿಸಿದೆವು: ನೋಂದಣಿ ಇದೆಯೇ, ಎಷ್ಟು ಮಕ್ಕಳ ತಂದೆ ಅಥವಾ ತಾಯಿ ಬದುಕಿದ್ದಾರೆ, ಕಳೆದ ಎರಡು ವರ್ಷದಲ್ಲಿ ಎಷ್ಟು ಮಕ್ಕಳು ಮನೆಗೆ ಮರಳಿದರು, ಹೌಸ್ ಮದರ್‌ಗಳ ಸಂಬಳ ಎಷ್ಟು. ಉತ್ತರ ಬಾರದಿದ್ದರೆ, ಮಕ್ಕಳನ್ನು ಹೆತ್ತವರ ಬಳಿಯೇ ಉಳಿಸುವ ಕೆಲಸಕ್ಕೆ ಹಣ ತಿರುಗಿಸಬಹುದು. ಮಕ್ಕಳು ಸಂಸ್ಥೆ ಸೇರದೆ ಕುಟುಂಬದಲ್ಲೇ ಬೆಳೆಯಲೆಂದು ನಮ್ಮಲ್ಲೂ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆ ಮಿಷನ್ ವಾತ್ಸಲ್ಯದಡಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವವಿದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ತನ್ನ ಊರಿನ ವಿಧವೆಯರಿಗೆ ಆ ಅರ್ಜಿ ತುಂಬಿಕೊಡುವ ಕೆಲಸ ಎಸ್. ಅವರ ಬಿ.ಕಾಂ.ಗೆ ಚೆನ್ನಾಗಿಯೇ ಒಪ್ಪುತ್ತದೆ.

ಒಂದು ವರ್ಷದ ಆಹ್ವಾನಕ್ಕೆ ಇಲ್ಲವೆಂದು ಬರೆದರು. ಸಭೆಯಲ್ಲಿ ನಾಲ್ಕು ನಿಮಿಷ ಮಾತಾಡಿದರು, ಫೋಟೊ ಇಲ್ಲದೆ. ಕೆಲವರಿಗೆ ಬೇಸರವಾಯಿತಂತೆ, ಸಭೆಯ ಪಾಸ್ಟರ್ ಅಯ್ಯನವರು ಮಾತ್ರ ಮಕ್ಕಳ ಮನೆಗೆ ಕಳಿಸುವ ಪ್ರಶ್ನೆಗಳ ಪತ್ರಕ್ಕೆ ಸಹಿ ಹಾಕಿದರು. ಆರನೇ ಭೇಟಿಯಲ್ಲಿ ಖಿನ್ನತೆಯ ಅಂಕ 13ರಿಂದ 6ಕ್ಕೆ ಇಳಿದಿತ್ತು, ನಿದ್ದೆ ಆರು ಗಂಟೆ. ಹುಡುಗನ ದೂರು ದಾಖಲಾಗಿದೆ ಎಂಬ ಒಂದು ಸಾಲು ಬಂದಿದೆ, ಅದಕ್ಕಿಂತ ಹೆಚ್ಚು ತಿಳಿದಿಲ್ಲ. ಮುಂದಿನ ಭೇಟಿ ಮೂರು ತಿಂಗಳಿಗೆ.