ಬಿದ್ದದ್ದಕ್ಕಲ್ಲ, ಏಳಲಾಗದ್ದಕ್ಕೆ

ಅವರಿಗೆ 69 ವರ್ಷ. ಮೈಸೂರಿನ ಬಡಾವಣೆಯೊಂದರಲ್ಲಿ ಮಗ, ಸೊಸೆಯ ಜೊತೆ ವಾಸ. ಬಿಪಿ ಮಾತ್ರೆ ಬಿಟ್ಟರೆ ದೊಡ್ಡ ಕಾಯಿಲೆಯಿಲ್ಲ. ಏಳು ತಿಂಗಳ ಹಿಂದೆ ವಾಕಿಂಗ್ ಹೋದಾಗ ಫುಟ್‌ಪಾತಿನ ಎದ್ದ ಚಪ್ಪಡಿಗೆ ಎಡವಿ ಬಿದ್ದರು. ಮೊಣಕೈ ತರಚಿತು, ಅಷ್ಟೆ. ಅಲ್ಲಿಗೆ ವಾಕಿಂಗ್ ನಿಂತಿತು. ಆಮೇಲೆ ತರಕಾರಿ ತರುವುದು, ದೇವಸ್ಥಾನ, ಕೊನೆಗೆ ಮಹಡಿಯಲ್ಲಿ ಬಟ್ಟೆ ಒಣಹಾಕುವುದೂ ನಿಂತಿತು. "ಅತ್ತೆ ಸುಮ್ನೆ ಕೂತಿರ್ತಾರೆ, ಡಿಪ್ರೆಶನ್ನಾ ನೋಡಿ" ಎಂದು ಸೊಸೆ ಆಪ್ತಸಲಹೆಗೆ ಕರೆತಂದರು.

ಇಂಥವರು ಮತ್ತೆ ಮತ್ತೆ ಬರುತ್ತಾರೆ. ಬೀಳುವ ಭಯಕ್ಕೆ ನಡೆಯುವುದನ್ನು ಬಿಡುತ್ತಾರೆ, ನಡೆಯದ್ದಕ್ಕೆ ತೊಡೆಯ ಸ್ನಾಯು ಸೊರಗುತ್ತದೆ, ಸೊರಗಿದ ಕಾಲು ಮತ್ತೆ ಬೀಳಿಸುತ್ತದೆ. ಮನೆಯವರ "ನೀನು ಹೊರಗೆ ಹೋಗ್ಬೇಡಮ್ಮ" ಎಂಬ ಕಾಳಜಿ ಈ ಸುಳಿಗೆ ಇನ್ನಷ್ಟು ಬಲ ಕೊಡುತ್ತದೆ.

ಮೊದಲೆರಡು ಭೇಟಿಗಳಲ್ಲಿ ಮಾತು ಮುಂದೆ ಹೋಗಲಿಲ್ಲ. "ಭಯ ಆಗುತ್ತೆ" ಎನ್ನುವರು, ಅಷ್ಟೆ. ಮೂರನೆಯ ಸಲ, ದೇವರ ಪೂಜೆಯನ್ನೂ ಈಗ ಕುರ್ಚಿಯಲ್ಲಿ ಕೂತೇ ಮಾಡುತ್ತೇನೆ ಎಂದರು. ಮಂಡಿನೋವೇ ಎಂದರೆ ಅಲ್ಲ. ಹಾಗಾದರೆ ನೆಲದ ಮೇಲೆ ಯಾಕೆ ಕೂರುವುದಿಲ್ಲ? ಬಿದ್ದ ದಿನ ಏನಾಯಿತೆಂದು ಮೊದಲಿನಿಂದ ಹೇಳಲು ಕೇಳಿದಾಗ ಸ್ವಲ್ಪ ಹೊತ್ತು ಸೆರಗು ಸರಿಮಾಡಿಕೊಳ್ಳುತ್ತಿದ್ದು, ಆಮೇಲೆ ಹೇಳಿದರು:

"ನೋವೇನೂ ಅಷ್ಟಿರ್ಲಿಲ್ಲ. ಏಳಕ್ಕೇ ಆಗ್ಲಿಲ್ಲ. ಹಾಲಿನ ಹುಡುಗ, ಇನ್ಯಾರೋ ಇಬ್ರು ಕಂಕುಳಿಗೆ ಕೈ ಹಾಕಿ ಎತ್ತಿದ್ರು. ಸೀರೆ ಮಂಡಿವರ್ಗೂ ಸರಿದಿತ್ತು. ಆ ಬೀದೀಲಿ ಮತ್ತೆ ಹೇಗೆ ಓಡಾಡ್ಲಿ?"

ಆ ಕ್ಷಣಕ್ಕೆ ಇಡೀ ಸಲಹೆ ಬದಲಾಯಿತು. ಅಲ್ಲಿಯವರೆಗೆ ಬೀಳದಂತೆ ನಡೆಯುವುದು ಹೇಗೆ ಎಂಬುದೇ ಮಾತಾಗಿತ್ತು. ಅವರಿಗೆ ಬೇಕಿದ್ದದ್ದು, ಬಿದ್ದರೆ ಯಾರ ಕೈಯೂ ಇಲ್ಲದೆ ಏಳುವ ಧೈರ್ಯ. ಧೈರ್ಯ ಹೇಳಿಸಿಕೊಂಡರೆ ಬರುವುದಿಲ್ಲ, ಅಭ್ಯಾಸ ಮಾಡಬೇಕು.

ಅಭ್ಯಾಸಕ್ಕೆ ಮೊದಲು ಡಾಕ್ಟರ ಬಳಿ ಕಳಿಸಿದ್ದಾಯಿತು. ಮಲಗಿದಾಗ ಒಮ್ಮೆ, ಎದ್ದು ನಿಂತ ಮೂರು ನಿಮಿಷದೊಳಗೆ ಒಮ್ಮೆ ಬಿಪಿ ನೋಡಬೇಕು; ಮೇಲಿನ ಅಂಕೆ 20 ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಮಾತ್ರೆಯ ವಿಚಾರ ಅವರೇ ತೀರ್ಮಾನಿಸಬೇಕು. ನಿದ್ದೆ ಮಾತ್ರೆ ಇದ್ದರೆ ಅದನ್ನೂ ಹೇಳಬೇಕು. ದೂರಕ್ಕೂ ಓದಲಿಕ್ಕೂ ಒಂದೇ ಆಗಿರುವ ಕನ್ನಡಕ ಮೆಟ್ಟಿಲನ್ನು ಮಸುಕಾಗಿಸುತ್ತದೆ. ನಡೆಯಲು ದೂರದ ಕನ್ನಡಕವೇ ಬೇರೆ ಇರುವುದು ವಾಸಿ.

ಕೈಕಟ್ಟಿ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದು ಕೂರಬಲ್ಲರು ಎಂದು ಫಿಸಿಯೋಥೆರಪಿಸ್ಟ್ ನೋಡಿದರು. ಏಳು ಸಲ. 65ರಿಂದ 69ರ ಹೆಂಗಸರಿಗೆ 11ಕ್ಕಿಂತ ಕಡಿಮೆಯಾದರೆ ಕಾಲಿನ ಬಲ ಸಾಲದು ಎಂದೇ ಲೆಕ್ಕ.

ಏಳುವ ಪಾಠ ಹೀಗೆ: ಜಮಖಾನ ಹಾಸಿ, ಗೋಡೆಗೆ ಒತ್ತಿಟ್ಟ ಭಾರದ ಮರದ ಕುರ್ಚಿ ಪಕ್ಕದಲ್ಲಿರಬೇಕು (ಪ್ಲಾಸ್ಟಿಕ್ ಕುರ್ಚಿ ಜಾರುತ್ತದೆ). ಮಗ್ಗುಲಿಗೆ ಹೊರಳಿ, ಮೊಣಕೈ ಊರಿ, ಅಂಬೆಗಾಲಿಗೆ ಬಂದು ಕುರ್ಚಿಯವರೆಗೆ ಸರಿಯುವುದು. ಎರಡೂ ಅಂಗೈ ಆಸನದ ಮೇಲೆ. ಬಲವಿರುವ ಕಾಲಿನ ಪಾದವನ್ನು ಮುಂದೆ ಊರಿ, ಕೈ ಕಾಲೆರಡರಿಂದಲೂ ಒತ್ತಿ ಎದ್ದು, ತಿರುಗಿ ಕೂರುವುದು. ಕೂಡಲೇ ನಡೆಯಬಾರದು, ಒಂದು ನಿಮಿಷ ಕೂತಿರಬೇಕು. ನಿಜವಾಗಿ ಬಿದ್ದಾಗ ಸೊಂಟದಲ್ಲಿ ಚುಚ್ಚುವ ನೋವಿದ್ದರೆ, ತಲೆಗೆ ಪೆಟ್ಟಾಗಿದ್ದರೆ ಏಳಲೇಬಾರದು, ಕೂಗಿ ಕರೆಯಬೇಕು.

ಮಗನಿಗೆ ಇದು ಹಿಡಿಸಲಿಲ್ಲ. "ಅಮ್ಮನ್ನ ನೆಲದ ಮೇಲೆ ಹೊರಳಾಡಿಸ್ತೀರಾ? ಮೂಳೆ ಮುರಿದ್ರೆ?" ಎಂದರು. ಪ್ರಶ್ನೆ ತಪ್ಪಲ್ಲ, ಮೂಳೆ ತೀರ ಸವೆದವರಿಗೆ ಈ ಪಾಠ ಫಿಸಿಯೋಥೆರಪಿಸ್ಟ್ ಎದುರಿಗೇ ಆಗಬೇಕು. ಆದರೆ ಮನೆಯಲ್ಲಿ ಕೂರಿಸಿದರೆ ಮೂಳೆ ಗಟ್ಟಿಯಾಗುವುದಿಲ್ಲ, ಬಚ್ಚಲಮನೆಯಲ್ಲಿ ಬೀಳುವುದೂ ತಪ್ಪುವುದಿಲ್ಲ.

ಜೊತೆಗೆ ಅಡುಗೆ ಕಟ್ಟೆ ಹಿಡಿದು ಹಿಮ್ಮಡಿ ಎತ್ತಿ ಇಳಿಸುವುದು 10 ಸಲ, ಒಂದು ಪಾದದ ಮುಂದೆ ಇನ್ನೊಂದನ್ನು ಸಾಲಾಗಿಟ್ಟು 10 ಸೆಕೆಂಡ್ ನಿಲ್ಲುವುದು, ಕುರ್ಚಿಯಿಂದ ಏಳುವುದು ಐದೈದರಂತೆ ಎರಡು ಸಲ. ವಾರಕ್ಕೆ ಮೂರು ದಿನ. ಹಾಲು ಕಾಯುವ ಹೊತ್ತಿನಲ್ಲೇ ಮಾಡಿ ಎಂದು ಹೇಳಿದ್ದು ತಪ್ಪಾಯಿತು, ಎರಡು ದಿನ ಹಾಲು ಉಕ್ಕಿತು.

ವಾಕಿಂಗ್ ಶುರುವಾದದ್ದು ಗೇಟಿನಿಂದ ಐದು ನಿಮಿಷ, ದಿನಕ್ಕೆ ಎರಡು ಸಲ. ಹವಾಯಿ ಚಪ್ಪಲಿ ಬೇಡ, ಹಿಮ್ಮಡಿಗೆ ಪಟ್ಟಿಯಿರುವುದು ಬೇಕು. ಸೀರೆ ಕಣಕಾಲಿಗಿಂತ ಎರಡು ಬೆರಳು ಮೇಲೆ. ಮಾತಾಡಲು ಬರಬೇಕು, ಹಾಡಲು ಉಸಿರು ಸಾಲಬಾರದು: ವೇಗಕ್ಕೆ ಅದೇ ಅಳತೆ. ವಾರಕ್ಕೆ ಎರಡು ನಿಮಿಷ ಏರಿಸುವುದು. ಮಾರನೆಯ ಬೆಳಿಗ್ಗೆಗೂ ನೋವು ಉಳಿದರೆ ಹಿಂದಿನ ದಿನದ್ದು ಹೆಚ್ಚಾಯಿತೆಂದರ್ಥ, ಅರ್ಧಕ್ಕೆ ಇಳಿಸಬೇಕು. ಎದೆ ಬಿಗಿದರೆ, ನಡೆದಾಗಲೆಲ್ಲ ಮೀನಖಂಡ ಹಿಡಿದುಕೊಂಡು, ನಿಂತಾಗ ಸಡಿಲವಾಗುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ನಾಲ್ಕನೆಯ ವಾರ ಎಡವಟ್ಟಾಯಿತು. ಹುರುಪು ಬಂದು ದೇವಸ್ಥಾನಕ್ಕೆ 40 ನಿಮಿಷ ನಡೆದರು, ಮೂರು ದಿನ ಮಂಡಿ ಊದಿತು. ಮಗ ಕೈಗೆ ಕಟ್ಟಿದ ವಾಚು ದಿನಕ್ಕೆ 10,000 ಹೆಜ್ಜೆ ಕೇಳುತ್ತಿತ್ತಂತೆ. ಆ ಅಂಕಿ ಮೂಲದಲ್ಲಿ ವೈದ್ಯರ ಲೆಕ್ಕವಲ್ಲ. 1965ರ ಸುಮಾರಿಗೆ ಜಪಾನಿನಲ್ಲಿ ಮಾರಾಟಕ್ಕೆ ಬಂದ ಹೆಜ್ಜೆ ಎಣಿಸುವ ಸಾಧನದ ಹೆಸರೇ 'ಹತ್ತು ಸಾವಿರ ಹೆಜ್ಜೆಯ ಮೀಟರ್' ಎಂದಿತ್ತು. ವಾಚನ್ನು ಕಪಾಟಿಗೆ ಹಾಕಿಸಿದ್ದಾಯಿತು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷ, 65 ದಾಟಿದವರಿಗೆ ಸಮತೋಲನದ ಅಭ್ಯಾಸವೂ ಸೇರಿ. ಅಲ್ಲಿಯವರೆಗೆ ಬಾರದಿದ್ದರೂ ನಡೆದಷ್ಟು ಲಾಭವೇ.

ಈಗ ವಾರಕ್ಕೆ ಐದು ದಿನ, 25 ನಿಮಿಷ. ಪೂಜೆ ಮತ್ತೆ ಮಣೆಯ ಮೇಲೆ. ಆ ಚಪ್ಪಡಿ ಇನ್ನೂ ಹಾಗೇ ಎದ್ದಿದೆ. ಅಲ್ಲಿ ರಸ್ತೆಗಿಳಿದು ಸುತ್ತಿ ಹೋಗುತ್ತಾರೆ. ಹಾಲಿನ ಹುಡುಗ ಸಿಕ್ಕರೆ ನಿಂತು ಮಾತಾಡಿಸುತ್ತಾರೆ.